ಎಂಟಡಿ ಬೇಲಿರಾಯರ ಜೊತೆ ಒಂದು ಸಂಜೆ

ನವೆಂಬರಿನ ಮೊದಲ ಶನಿವಾರಕ್ಕೆ ಒಂದು ರಾತ್ರಿ ಬಾಕಿ. ಟೆಕ್ಸಾಸಿನಲ್ಲಿ ಬಿಳಿಬಾಲದ ಜಿಂಕೆಯ ಬಂದೂಕು ಬೇಟೆ ಶುರುವಾಗುವುದು ಅಂದೇ. 'ಜಿಂಕೆಗಳ ರಾಜಧಾನಿ' ಎಂದು ಹೇಳಿಕೊಳ್ಳುವ ಲ್ಯಾನೋ ಊರಿನ ಅಂಗಡಿಗಳ ಮುಂದೆ ಮೆಕ್ಕೆಜೋಳದ ಮೂಟೆಗಳನ್ನು ಆಳೆತ್ತರ ಪೇರಿಸಿದ್ದರು. ತಿನ್ನುವುದು ಜಿಂಕೆ, ದುಡ್ಡು ಕೊಡುವವನು ಅದನ್ನು ಹೊಡೆಯುವವನು. ಊರು ದಾಟಿ, ಕೆಂಪು ಗ್ರಾನೈಟ್ ಬಂಡೆಗಳ ನಡುವೆ, ನಮ್ಮ ಬಳ್ಳಾರಿ ಜಾಲಿಯ ದಾಯಾದಿಯಾದ ಮೆಸ್ಕೀಟ್ ಗಿಡಗಳ ಪಕ್ಕ ಪತ್ರಿಕೆಯ ಪ್ರತಿನಿಧಿ ಕಾರು ನಿಲ್ಲಿಸಿದಾಗ ಬಿಸಿಲು ಇಳಿಯುತ್ತಿತ್ತು.

ಅಲ್ಲಿ ಎರಡು ಬೇಲಿ ಕೂಡುತ್ತವೆ. ಒಂದು ಕುರಿ ಮೇಕೆಗಳ ಕಾಲದ ನಾಲ್ಕಡಿಯದು. ಗೂಟಗಳು ವಾಲಿವೆ, ತಂತಿ ಜೋತಿದೆ, ಜಿಂಕೆ ಅದನ್ನು ಹೊಸ್ತಿಲು ದಾಟಿದ ಹಾಗೆ ದಾಟುತ್ತದೆ. ಇನ್ನೊಂದು ಎಂಟಡಿಯ ಉಕ್ಕಿನ ಜಾಲರಿ, ಗುಡ್ಡದ ಆಚೆಗೂ ನೆಟ್ಟಗೆ ನಡೆದುಹೋಗಿದೆ. ಕಂಬಗಳ ಮೇಲೆ ಎದೆಯೆತ್ತರದಲ್ಲಿ ನೇರಳೆ ಬಣ್ಣದ ಪಟ್ಟಿ. ಒಂದು ಕಂಬದ ಮೇಲೆ ಓತಿಯೊಂದು ಕೊನೆಯ ಬಿಸಿಲಿಗೆ ಮೈಯೊಡ್ಡಿ ತಲೆಯಾಡಿಸುತ್ತಿತ್ತು. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಎಂಬ ಗಾದೆ ನೆನೆದು ಪ್ರತಿನಿಧಿ ಸಾಕ್ಷಿಯನ್ನೇ ವಿಚಾರಿಸಲು ಕೂತರು.

ಪ್ರತಿನಿಧಿ: ಬೇಲಿರಾಯರೇ, ಮೊದಲು ತಮ್ಮ ಕುಲಗೋತ್ರ ತಿಳಿಸಿ.

ಬೇಲಿ: ಜಾಲರಿ ಹೊಸದು ಸ್ವಾಮಿ, ಕಂಬಗಳು ಪುನರ್ಜನ್ಮದವು. ಹೋದ ಜನ್ಮದಲ್ಲಿ ಎಣ್ಣೆಬಾವಿ ಕೊರೆಯುವ ಕೊಳವೆಗಳಾಗಿದ್ದವು. ಪಾತಾಳಕ್ಕಿಳಿದು ಎಣ್ಣೆ ಹುಡುಕಿದವು ಈಗ ನೆಲದ ಮೇಲೆ ನಿಂತು ಜಿಂಕೆ ಕಾಯುತ್ತಿವೆ. ನನ್ನನ್ನು ನಿಲ್ಲಿಸಲು ಮೈಲಿಗೆ ಹತ್ತಾರು ಸಾವಿರ ಡಾಲರ್ ಬೇಕು. ಅದರಲ್ಲಿ ಪಕ್ಕದವರು ಒಂದು ಕಾಸೂ ಕೊಟ್ಟಿಲ್ಲ. ಕೊಡಬೇಕೆಂಬ ಕಾನೂನೂ ಇಲ್ಲಿಲ್ಲ. ಮೊದಲೇ ಒಪ್ಪಂದವಾಗಿರದಿದ್ದರೆ ಹಾಕಿಸಿದವನದೇ ಖರ್ಚು.

ಪ್ರತಿನಿಧಿ: ಅಷ್ಟು ಖರ್ಚು ಮಾಡುವಂಥ ಹಗೆ ಏನಿತ್ತು?

ಬೇಲಿ: ಹಗೆಯಲ್ಲ, ಕೊಂಬು. ಗಂಡು ಜಿಂಕೆಯ ಕೊಂಬು ಪ್ರತಿ ವರ್ಷ ಉದುರಿ ಮತ್ತೆ ಬೆಳೆಯುತ್ತದೆ. ಅದು ನೋಡುವಂತಾಗಬೇಕಾದರೆ ಪ್ರಾಣಿಗೆ ಐದಾರು ವರ್ಷವಾದರೂ ತುಂಬಬೇಕು. ನನ್ನ ಯಜಮಾನರು ಎರಡು ವರ್ಷದ ಮರಿಗಂಡನ್ನು 'ಬೆಳೀಲಿ' ಎಂದು ಬಿಡುತ್ತಿದ್ದರು. ಅದು ಹಳೇ ಬೇಲಿ ಹಾರಿ ಪಕ್ಕಕ್ಕೆ ಹೋಗುತ್ತಿತ್ತು. ಆ ಜಮೀನನ್ನು ಐದಾರು ಗೆಳೆಯರು ಸೇರಿ ಬೇಟೆಗೆಂದು ಗುತ್ತಿಗೆ ಹಿಡಿದಿದ್ದಾರೆ. ಊರಿಂದ ಬರುವುದೇ ನಾಲ್ಕು ವಾರಾಂತ್ಯ. ದುಡ್ಡು ಕಟ್ಟಿದ್ದಾಗಿದೆ, ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸು ಬಾರದು. ಢಂ! ಯಜಮಾನರು ಬಿಟ್ಟ ಜಿಂಕೆ ಗೆಳೆಯರ ಫ್ರಿಜ್ಜಿಗೆ.

ಪ್ರತಿನಿಧಿ: ಆ ಗೆಳೆಯರು ಬೇರೆಯೇ ಹೇಳುತ್ತಾರೆ. ಜಿಂಕೆ ರಾತ್ರಿ ಇಲ್ಲಿ ಮಲಗಿ ಬೆಳಗ್ಗೆ ಅಲ್ಲಿ ಮೇಯುತ್ತಿತ್ತು, ಅರ್ಧ ಮೇವು ನಮ್ಮದೇ ಅನ್ನುತ್ತಾರೆ. ನಿಮ್ಮ ಕೊನೆಯ ಗೇಟು ಮುಚ್ಚುವ ಹಿಂದಿನ ವಾರ ಒಳಗೆ ಜೋಳ ಸುರಿದದ್ದು ಯಾಕೆ ಎಂದೂ ಕೇಳುತ್ತಿದ್ದಾರೆ.

ಬೇಲಿರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗಾಳಿಗೆ ತಂತಿ ಒಮ್ಮೆ ಗುಂಯ್‌ಗುಟ್ಟಿತು.

ಬೇಲಿ: ಆಗ ನನಗೆ ಪೂರ್ತಿ ಜೀವ ಬಂದಿರಲಿಲ್ಲ.

ಪ್ರತಿನಿಧಿ: ಹೋಗಲಿ. ಒಳಗಿರುವ ಜಿಂಕೆ ಯಾರದ್ದು?

ಬೇಲಿ: ಜನರದ್ದು! ಟೆಕ್ಸಾಸಿನ ಉದ್ಯಾನ ಮತ್ತು ವನ್ಯಜೀವಿ ಸಂಹಿತೆಯೇ ಹೇಳುತ್ತದೆ, ಕಾಡುಪ್ರಾಣಿ ಈ ರಾಜ್ಯದ ಜನರ ಸೊತ್ತು ಅಂತ. ಬೇಲಿ ಹಾಕಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ ಅಂತಲೂ ಅದರಲ್ಲೇ ಇದೆ. ಅದೇ ಸಂಹಿತೆಯ ಪ್ರಕಾರ ಜಮೀನಿನವನು ಎಷ್ಟು ಎತ್ತರದ ಬೇಲಿಯನ್ನಾದರೂ ಹಾಕಬಹುದು. ಪ್ರಾಣಿಗಳ ಓಡಾಟ ನಿಂತಿತೆಂದು ಅವನ ಮೇಲೆ ಹೊಣೆ ಹೊರಿಸುವಂತಿಲ್ಲ. ಅಂದರೆ ಜಿಂಕೆ ಸಾರ್ವಜನಿಕ, ಬೇಲಿ ಖಾಸಗಿ, ಬೀಗದ ಕೈ ಯಜಮಾನರ ಜೇಬಿನಲ್ಲಿ. ಈ ರಾಜ್ಯದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭೂಮಿ ಖಾಸಗಿಯವರದು ಸ್ವಾಮಿ. ಜನರ ಸೊತ್ತು ನಿಲ್ಲುವುದಾದರೂ ಎಲ್ಲಿ?

ಪ್ರತಿನಿಧಿ: ನಮ್ಮ ಕಡೆ ಇಂಥದ್ದಕ್ಕೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎನ್ನುತ್ತಾರೆ.

ಬೇಲಿ: ಆ ಗಾದೆ ಕಟ್ಟಿದವರ ಮೇಲೆ ನನಗೆ ಹಳೇ ಸಿಟ್ಟಿದೆ. ಎಂಟಡಿ ಎದ್ದು ನಿಂತಿದ್ದೇನೆ, ಒಂದು ಹುಲ್ಲೆಸಳು ಮುಟ್ಟಿಲ್ಲ. ಮೇಯುವುದು ಒಳಗಿನವು. ಹೊರಗೆ ಹೋಗಲು ದಾರಿಯಿಲ್ಲದ ಜಿಂಕೆ ಒಳಗೇ ಮರಿ ಹಾಕುತ್ತದೆ, ಆ ಮರಿಯೂ ಮರಿ ಹಾಕುತ್ತದೆ. ಲೆಕ್ಕ ಇಟ್ಟು ಹೆಣ್ಣುಗಳನ್ನು ಕಡಿಮೆ ಮಾಡದಿದ್ದರೆ ಏನಾಗುತ್ತದೆ ಅಂತ ಆ ಓಕ್ ಮರಗಳನ್ನು ನೋಡಿ ತಿಳಿಯಿರಿ.

ಪ್ರತಿನಿಧಿ ನೋಡಿದರು. ಜಿಂಕೆಯ ಬಾಯಿಗೆ ಎಟಕುವಷ್ಟು ಎತ್ತರದವರೆಗೆ ಒಂದೇ ಒಂದು ಹಸಿರೆಲೆ ಇರಲಿಲ್ಲ. ಅದರ ಮೇಲೆ ಕತ್ತರಿಯಿಂದ ನೇರ ಕತ್ತರಿಸಿದ ಹಾಗೆ ಸೊಂಪಾದ ಎಲೆ. ಸಾಲು ಮರಗಳೆಲ್ಲ ಸೀರೆ ಎತ್ತಿ ಕಟ್ಟಿ ಹಳ್ಳ ದಾಟಲು ನಿಂತಂತಿದ್ದವು.

ಪ್ರತಿನಿಧಿ: ಪಕ್ಕದವರು ಸಿಟ್ಟಿನಲ್ಲಿ ನಿಮ್ಮನ್ನು ಕತ್ತರಿಸಿಬಿಟ್ಟರೆ?

ಬೇಲಿ: ನಮ್ಮ ವಂಶದ ಹಳೇ ಗಾಯವನ್ನು ಕೆದಕಿದಿರಿ. ಗ್ಲಿಡನ್ ಎಂಬಾತ ಮುಳ್ಳುತಂತಿಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಹತ್ತು ವರ್ಷದೊಳಗೆ ಟೆಕ್ಸಾಸಿನ ಬಯಲೆಲ್ಲ ತಂತಿಯೊಳಗೆ ಸೇರಿತು. ಕೆಲವರು ಸರ್ಕಾರಿ ಜಮೀನು, ದಾರಿ, ನೀರನ್ನೂ ಸೇರಿಸಿ ಬಿಗಿದರು. 1883ರಲ್ಲಿ ಬರ ಬಿತ್ತು. ದನಕ್ಕೆ ನೀರಿಲ್ಲದವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ರಾತ್ರಿ ಇಕ್ಕಳ ಹಿಡಿದು ಹೊರಟರು. 'ಗೂಬೆಗಳು', 'ನೀಲಿ ದೆವ್ವಗಳು' ಎಂದೆಲ್ಲ ಅವರ ತಂಡಗಳಿಗೆ ಹೆಸರು. ಅರ್ಧಕ್ಕಿಂತ ಹೆಚ್ಚು ಕೌಂಟಿಗಳಲ್ಲಿ ನಮ್ಮವರ ಹೆಣ ಬಿತ್ತು. 1884ರ ಜನವರಿಗೆ ಗವರ್ನರ್ ಜಾನ್ ಐರ್ಲೆಂಡ್ ವಿಶೇಷ ಅಧಿವೇಶನ ಕರೆದರು. ಬೇಲಿ ಕತ್ತರಿಸಿದರೆ ಒಂದರಿಂದ ಐದು ವರ್ಷ ಜೈಲು ಎಂದಾಯಿತು. ಜೊತೆಗೆ, ದಾರಿಗೆ ಅಡ್ಡ ಬೇಲಿ ಹಾಕಿದವನು ಮೂರು ಮೈಲಿಗೊಂದು ಗೇಟು ಇಡಬೇಕು ಎಂದೂ ಆಯಿತು. ಆ ಗೇಟಿನ ಮಾತು ಈಗ ಯಾರೂ ಎತ್ತುವುದಿಲ್ಲ, ನಾನಂತೂ ಎತ್ತುವುದಿಲ್ಲ.

ಪ್ರತಿನಿಧಿ: ಈ ನೇರಳೆ ಪಟ್ಟಿ ಹಬ್ಬದ ಅಲಂಕಾರವೋ?

ಬೇಲಿ: 'ಒಳಗೆ ಬಂದೀಯೆ ಜೋಕೆ' ಅಂತ ಅರ್ಥ. ಬೋರ್ಡು ಹಾಕಿದರೆ ಅದರ ಮೇಲೇ ಗುರಿ ಅಭ್ಯಾಸ ಮಾಡುತ್ತಾರೆ. ಬಣ್ಣಕ್ಕೆ ಗುಂಡು ಹೊಡೆದರೂ ಬಣ್ಣ ಬಣ್ಣವೇ. 1997ರಿಂದ ಅದಕ್ಕೆ ಕಾನೂನಿನ ಬಲವಿದೆ: ಎಂಟಂಗುಲ ಉದ್ದ, ಒಂದಂಗುಲ ಅಗಲ, ನೆಲದಿಂದ ಮೂರರಿಂದ ಐದಡಿ ಎತ್ತರ. ಈಚೆ ಕಡೆ ಗುಂಡು ತಿಂದ ಜಿಂಕೆ ಆಚೆ ಹೋಗಿ ಬಿದ್ದರೆ, ಜಮೀನಿನವನು ಒಪ್ಪದೆ ಅದರ ಹಿಂದೆ ಹೋಗುವಂತಿಲ್ಲ. ಗುಂಡು ಗಡಿ ದಾಟಿದರೂ ಅಪರಾಧ, ಗುಂಡು ಹಾರಿಸಿದವನು ದಾಟಿದರೂ ಅಪರಾಧ. ದಾಟಲು ಯಾರಪ್ಪಣೆಯೂ ಬೇಡವಾಗಿದ್ದದ್ದು ಜಿಂಕೆಗೊಂದಕ್ಕೇ. ಅದಕ್ಕೆ ನಾನು ಬಂದೆ.

ಪ್ರತಿನಿಧಿ: ಒಳಗೆ ಹೊಡೆದ ಕೊಂಬಿಗೆ ಬೇಟೆಗಾರರ ನಡುವೆ ಮರ್ಯಾದೆ ಹೇಗಿದೆ?

ಬೇಲಿ: ಗೋಡೆಯ ಮೇಲೆ ಇದೆ, ಪುಸ್ತಕದಲ್ಲಿ ಇಲ್ಲ. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನವರು ಪ್ರಾಣಿಗೂ ತಪ್ಪಿಸಿಕೊಳ್ಳಲು ಅವಕಾಶವಿರಬೇಕು ಎನ್ನುವವರು. ನನ್ನೊಳಗೆ ಬಿದ್ದದ್ದನ್ನು ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ. ಮೊಂಟಾನಾದ ಮತದಾರರು 2000ದಲ್ಲಿ ಇಂಥ ಆವರಣದೊಳಗೆ ದುಡ್ಡಿಗೆ ಹೊಡೆಸುವುದನ್ನೇ ನಿಲ್ಲಿಸಿದರು. ಉತ್ತರ ಡಕೋಟಾದವರು 2010ರಲ್ಲಿ ಅದೇ ಪ್ರಶ್ನೆಗೆ ಉಲ್ಟಾ ಮತ ಹಾಕಿದರು. ಅವರು ನನ್ನ ಕಣ್ಣಿಗೆ ದೇವರು.

ಪ್ರತಿನಿಧಿ: ಮತ್ತೆ ಆ ಸೊರಗು ರೋಗ?

ಬೇಲಿ: ಕ್ರಾನಿಕ್ ವೇಸ್ಟಿಂಗ್ ಡಿಸೀಸ್. ಜಿಂಕೆಯ ಮಿದುಳು ಜಾಳಾಗಿ, ಮೈ ಸೊರಗಿ ಸಾಯುತ್ತದೆ, ಔಷಧಿಯಿಲ್ಲ. ಟೆಕ್ಸಾಸಿನಲ್ಲಿ ಮೊದಲು ಸಿಕ್ಕಿದ್ದು 2012ರಲ್ಲಿ, ಪಶ್ಚಿಮದ ಗುಡ್ಡಗಳ ಕಾಡುಜಿಂಕೆಯಲ್ಲಿ. 2015ರಲ್ಲಿ ಮೆಡೀನಾ ಕೌಂಟಿಯ ಸಾಕಣೆ ಕೇಂದ್ರವೊಂದರಲ್ಲಿ, ಅಂದರೆ ನಮ್ಮಂಥವರ ಒಳಗೇ ಸಿಕ್ಕಿತು. ಸಾಕುವವರು ಬೇಲಿಯಿಂದ ರೋಗ ಒಳಗೆ ಬರುವುದಿಲ್ಲ ಎನ್ನುತ್ತಾರೆ, ಪಕ್ಕದವರು ಹೊರಗೆ ಹೋಗದಿದ್ದರೆ ಸಾಕು ಎನ್ನುತ್ತಾರೆ. ನನ್ನ ಕಣ್ಣುಗಳಲ್ಲಿ ಮೂತಿ ತೂರುತ್ತದೆ ಸ್ವಾಮಿ. ಇನ್ನು ಟ್ರೈಲರ್ ಹತ್ತಿ ಹೆದ್ದಾರಿಯಲ್ಲಿ ಹೋಗುವ ಜಿಂಕೆಗೆ ನಾನು ಎಷ್ಟಡಿ ಇದ್ದರೇನು?

ಅಷ್ಟರಲ್ಲಿ ಪೊದೆ ಅಲುಗಿತು. ಒಳಗಿಂದ ಸುರುಳಿ ಕೊಂಬಿನ, ಬೆನ್ನು ಕಪ್ಪು, ಹೊಟ್ಟೆ ಬಿಳುಪಿನ ಪ್ರಾಣಿಯೊಂದು ಬಂದು ನಿಂತಿತು. ಪ್ರತಿನಿಧಿಗೆ ಎದೆ ಝಲ್ಲೆಂದಿತು. ರಾಣೆಬೆನ್ನೂರಿನಲ್ಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ನೋಡಿದ್ದ ಕೃಷ್ಣಮೃಗ!

ಬೇಲಿ: ನಿಮ್ಮೂರಿನವರು. 1930ರ ದಶಕದಲ್ಲಿ ಇಲ್ಲಿಗೆ ತಂದರು, ಚುಕ್ಕೆ ಜಿಂಕೆಯನ್ನೂ ತಂದರು. ದಕ್ಷಿಣದ ಕಿಂಗ್ ರ್‍ಯಾಂಚಿನ ಕಡೆ ನೀಲಗಾಯ್ ಇದೆ. ನಿಮ್ಮಲ್ಲಿ ಇವರನ್ನು ಮುಟ್ಟಿದರೆ 1972ರ ಕಾಯ್ದೆ ಜೈಲಿಗಟ್ಟುತ್ತದಂತೆ. ಇಲ್ಲಿ ಇವರು ವಿದೇಶಿಯರು, ಕಾನೂನಿನ ಕಣ್ಣಿಗೆ ದನ ಕುರಿಯ ಲೆಕ್ಕ. ನವೆಂಬರಿಗೆ ಕಾಯಬೇಕಿಲ್ಲ, ವರ್ಷವಿಡೀ ಹೊಡೆಯಬಹುದು. ಇವರು ಜನರ ಸೊತ್ತಲ್ಲ, ಅಪ್ಪಟ ಯಜಮಾನರ ಸೊತ್ತು. ತಮಾಷೆ ಕೇಳಿ: ಕೃಷ್ಣಮೃಗಕ್ಕೆ ಹಾರುವುದಕ್ಕಿಂತ ತಂತಿಯ ಕೆಳಗೆ ನುಸುಳುವುದೇ ಇಷ್ಟ. ಇವರಿಗೆ ನನ್ನ ಎತ್ತರ ದಂಡ.

ಪ್ರತಿನಿಧಿ: ಹಾಗಾದರೆ ತಮಗೆ ಭಯವೆಂಬುದೇ ಇಲ್ಲವೇ?

ಬೇಲಿ: ನೆರೆಯವರ ಭಯವಿಲ್ಲ, ನೆರೆಯ ಭಯವಿದೆ. ಅಲ್ಲಿ ಹಳ್ಳಕ್ಕೆ ಅಡ್ಡಲಾಗಿ ನನ್ನನ್ನು ಪರದೆಯ ಹಾಗೆ ಇಳಿಬಿಟ್ಟಿದ್ದಾರೆ. ಒಂದು ಜೋರು ಮಳೆ ಬಂದರೆ ಮರದ ದಿಮ್ಮಿಗಳು ಬಂದು ಹರಿದುಹಾಕುತ್ತವೆ. ರಿಪೇರಿಯಾಗುವಷ್ಟರಲ್ಲಿ ಜನರ ಸೊತ್ತು ಜನರ ಕಡೆ ಹೋಗಿರುತ್ತದೆ. ಕಾಡುಹಂದಿಗಳಿಗಂತೂ ಮಳೆಯೂ ಬೇಡ. ಬುಡದಲ್ಲಿ ಮೂತಿಯಿಂದ ತೋಡಿ ನನ್ನ ಅಂಚನ್ನೇ ಎತ್ತಿಬಿಡುತ್ತವೆ.

ಪ್ರತಿನಿಧಿ: ಪಕ್ಕದವರು ಮಾಡುವಂಥದ್ದು ಏನೂ ಇಲ್ಲವೇ?

ಬೇಲಿರಾಯರು ದನಿ ತಗ್ಗಿಸಿದರು. ಓತಿ ತಲೆಯಾಡಿಸುವುದನ್ನು ನಿಲ್ಲಿಸಿತ್ತು.

ಬೇಲಿ: ಬರೆಯಬೇಡಿ. ಅಕ್ಕಪಕ್ಕದ ಜಮೀನಿನವರು ಒಂದು ಮೇಜಿನ ಸುತ್ತ ಕೂತು, ಯಾವ ವಯಸ್ಸಿನ ಗಂಡನ್ನು ಬಿಡಬೇಕು, ಎಷ್ಟು ಹೆಣ್ಣು ಹೊಡೆಯಬೇಕು ಅಂತ ಮಾತಾಡಿಕೊಳ್ಳುವ ಸಂಘಗಳು ಈ ರಾಜ್ಯದಲ್ಲಿ ಬೇಕಾದಷ್ಟಿವೆ. ವನ್ಯಜೀವಿ ಇಲಾಖೆಯೂ ಒಂದು ಉಪಾಯ ಮಾಡಿದೆ. ನೂರಕ್ಕೂ ಹೆಚ್ಚು ಕೌಂಟಿಗಳಲ್ಲಿ, ಒಂದು ಬದಿಯ ಕೊಂಬಾದರೂ ಕವಲೊಡೆಯದೆ ಇರಬೇಕು, ಇಲ್ಲವೇ ಎರಡರ ನಡುವಿನ ಅಗಲ 13 ಅಂಗುಲವಾದರೂ ಇರಬೇಕು. ಇಲ್ಲದಿದ್ದರೆ ಆ ಗಂಡನ್ನು ಹೊಡೆಯುವಂತಿಲ್ಲ. ಟೇಪು ಹಿಡಿಯಬೇಕಿಲ್ಲ, ಕಿವಿ ನಿಮಿರಿಸಿದಾಗ ತುದಿಯಿಂದ ತುದಿಗೆ ಹೆಚ್ಚುಕಡಿಮೆ ಅಷ್ಟೇ. ಎರಡು ಕಿವಿ ನೋಡಿ ಬೆರಳು ತಡೆದರೆ ಮರಿಗಂಡು ಉಳಿಯುತ್ತದೆ. ನಾನು ಎಂಟಡಿ ನಿಂತು, ಹತ್ತಾರು ಸಾವಿರ ನುಂಗಿ ಮಾಡುವ ಕೆಲಸವನ್ನು ಹದಿಮೂರು ಅಂಗುಲ ಬಿಟ್ಟಿಯಾಗಿ ಮಾಡುತ್ತಿದೆ. ನನ್ನ ಹೊಟ್ಟೆಪಾಡು ಏನಾಗಬೇಕು ಹೇಳಿ.

ಪ್ರತಿನಿಧಿ: ಇಲ್ಲಿ ಯಜಮಾನರೂ ಆ ಗೆಳೆಯರೂ ಹಾಗೆ ಕೂತು ಮಾತಾಡಿದ್ದುಂಟೇ?

ಬೇಲಿ: ಒಮ್ಮೆ. ನನ್ನ ಕಂಬ ಬಂದುನಿಂತದ್ದು ಯಾರ ನೆಲದಲ್ಲಿ ಅಂತ.

ಕತ್ತಲಾಗುತ್ತಿತ್ತು. ಎಲ್ಲೋ ಮೂರು ಕಾಲಿನ ಮೇವಿನ ಪೀಪಾಯಿಯೊಂದು ಗರ್ರೆಂದು ನೆಲದ ಮೇಲೆ ಜೋಳ ಚೆಲ್ಲಿತು. ಕ್ಷಣ ಬಿಟ್ಟು ಬೇಲಿಯ ಈಚೆಗೂ ಒಂದು ಗರ್ರೆಂದಿತು. ಎರಡೂ ಕಡೆಯಿಂದ ಜಿಂಕೆಗಳು ಬಂದವು. ಒಳಗಿನ ಗಂಡೊಂದು ಹೊರಗಿನ ಹೆಣ್ಣನ್ನು ಕಂಡು ಜಾಲರಿಗೆ ಮೂತಿಯಿಟ್ಟಿತು. ಅದರ ಕೊಂಬು ಕಿವಿಗಳಿಂದಾಚೆ ಒಂದು ಗೇಣು ಚಾಚಿತ್ತು. ಹೆಣ್ಣು ಒಮ್ಮೆ ಮೂಸಿ ಜೋಳಕ್ಕೆ ಬಗ್ಗಿತು. ಹಳ್ಳದ ಕಡೆ ಹಂದಿಗಳ ಹಿಂಡೊಂದು ಬೇಲಿಯ ಬುಡ ಎತ್ತಿ, ಮರಿಗಳನ್ನು ಮುಂದಿಟ್ಟುಕೊಂಡು, ಸಾಲಾಗಿ ಆಚೆ ಹೋಯಿತು.

ಗುತ್ತಿಗೆಯ ಗೆಳೆಯರ ಅಟ್ಟಣೆಯಲ್ಲಿ ಯಾರೋ ಟಾರ್ಚು ಹಾಕಿ ನಾಳೆಗೆ ಕುರ್ಚಿ ಸರಿಮಾಡುತ್ತಿದ್ದರು. ತಮ್ಮ ಮುನ್ನೂರು ಎಕರೆಗೆ ಬೆನ್ನು ಹಾಕಿ ಕುರ್ಚಿಯನ್ನು ಬೇಲಿಯ ಕಡೆಗೆ ತಿರುಗಿಸಿಟ್ಟರು.