ಚಪ್ಪಲಿ ಸ್ಟ್ಯಾಂಡಿನ ಥ್ಯಾಕರೆ

ಬೈಲಹೊಂಗಲದಿಂದ ಲಂಡನ್ನಿಗೆ ಹೊರಡುವ ಸೂಟ್‌ಕೇಸಿಗೆ ತನ್ನದೇ ಒಂದು ಸಂವಿಧಾನವಿದೆ. 23 ಕಿಲೋದ ಮಿತಿಯಲ್ಲಿ ಮೊದಲ ಹಕ್ಕು ಹಿಂಡಿಗಳದು: ಶೇಂಗಾ, ಗುರೆಳ್ಳು, ಅಗಸಿ. ಅವುಗಳ ಬೆನ್ನಿಗೆ ಕಟಕ ರೊಟ್ಟಿ, ಬೆಳಗಾವಿ ಕುಂದಾ, ಗೋಕಾಕದ ಕರದಂಟು. ಗಾಡಿ ಹತ್ತುವ ಹೊತ್ತಿಗೆ ಓಡಿ ಬರುವ ಬೀಗರ ಕೈಯಲ್ಲಿನ ಧಾರವಾಡ ಪೇಡೆಗೆ ಮೀಸಲು ಜಾಗ. ಇಷ್ಟೆಲ್ಲ ತುಂಬಿದ ಮೇಲೂ ತೂಕದ ಮುಳ್ಳು 23ರ ಈಚೆಗೇ ನಿಂತರೆ, ಒಂದು ಮೂಲೆಯಲ್ಲಿ ಪುಸ್ತಕ. ಅದಕ್ಕೂ ಸುಮ್ಮನೆ ಪ್ರವೇಶವಿಲ್ಲ. ‘ಮಕ್ಕಳಿಗೆ’ ಎಂಬ ವೀಸಾ ಬೇಕು.

“ಈ ವಯಸ್ಸಿನ್ಯಾಗ ನಿನಗ ಕಥಿ ಪುಸ್ತಕ ಯಾತಕ್ಕ ಬೇಕವಾ?” ಎಂದು ಕೇಳುವ ನಮ್ಮತ್ತೆಯವರೇ, “ಮೊಮ್ಮಗಳು ಕನ್ನಡ ಕಲೀಲಿ ಅಂತ್ರಿ” ಎಂದೊಡನೆ ಕುಂದಾದ ಒಂದು ಡಬ್ಬಿಯನ್ನು ತಾವೇ ಹೊರಗಿಟ್ಟು ಜಾಗ ಮಾಡಿಕೊಡುತ್ತಾರೆ. ಹೀಗಾಗಿ ಹೌನ್ಸ್‌ಲೋದ ನಮ್ಮ ಮನೆಯ ಕನ್ನಡ ಕಪಾಟು ಪೂರ್ತಿ ನಮ್ಮ ಮಗಳ ಖಾತೆಯಲ್ಲಿದೆ. ಖಾತೆದಾರಳು ಮಾತ್ರ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಉಳುಮೆಯೆಲ್ಲ ನನ್ನದು ಮತ್ತು ನಮ್ಮನೆಯವರದು.

ಮೊದಲು ಬಂದದ್ದು ಹಳೆಯ ‘ಚಂದಮಾಮ’ಗಳ ಒಂದು ಕಟ್ಟು. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ, 1949ರಲ್ಲಿ ಕನ್ನಡಕ್ಕೆ ಬಂದ ಮಾಮ ಅವನು. ಚಿಕ್ಕವಳಿದ್ದಾಗ ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆವ ವಿಕ್ರಮರಾಜನ, ಕಲಾವಿದ ಶಂಕರ್ ಬರೆದ ಆ ಚಿತ್ರವನ್ನು ಕಂಡರೆ ಅಂಗೈಯಿಂದ ಮುಚ್ಚಿಕೊಂಡು ಪಕ್ಕದ ಅಕ್ಷರಗಳನ್ನಷ್ಟೇ ಓದುತ್ತಿದ್ದೆ. ಈಗ ಅಂಗೈ ತೆಗೆದು ನೋಡಿದರೆ ಹೆದರಿಕೆಯ ಬದಲು ಕನಿಕರ ಬರುತ್ತದೆ. ಪಾಪ, ಎಷ್ಟು ಸಲ ಅಂತ ಹತ್ತಿ ಇಳಿಸಬೇಕು ಆ ಮನುಷ್ಯ! ನಮ್ಮನೆಯವರು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ರೋಗಿಗಳನ್ನು ಎತ್ತಿ ಇಳಿಸುವುದರ ಬಗ್ಗೆ ಅವರಿಗೆ ಕಡ್ಡಾಯ ತರಬೇತಿ ಆಗಿದೆ. ಒಂಟಿ ಹೆಗಲ ಮೇಲೆ ಹೊತ್ತದ್ದೇ ವಿಕ್ರಮನ ಮೊದಲ ತಪ್ಪು, ಇಬ್ಬರು ಬೇಕಿತ್ತು ಎಂಬುದು ಅವರ ತೀರ್ಪು. ಬೇತಾಳನ ಷರತ್ತಿಗೆ ಬಂದಾಗ ಮಾತ್ರ ಅವರು ಪುಸ್ತಕ ಮಡಿಸಿ ದೀರ್ಘವಾಗಿ ಉಸಿರು ಬಿಟ್ಟರು.

“ಉತ್ತರ ಗೊತ್ತಿದ್ದೂ ಬಾಯಿ ಬಿಡಲಿಲ್ಲಂದ್ರ ತಲಿ ಹೋಳು. ಬಾಯಿ ಬಿಟ್ಟರ ಹೆಣ ತಿರುಗಿ ಗಿಡಕ್ಕ. ಇದನ್ನ ಹುಡುಗರ ಕೈಯಾಗ ಯಾಕ ಕೊಡತಿದ್ರು? ಲಗ್ನಪತ್ರಿಕಿ ತೋರಿಸಿದವರಿಗಷ್ಟ ಮಾರಬೇಕಿತ್ತು.”

ಎರಡನೆಯ ಕಂತಿನಲ್ಲಿ ಬಂದದ್ದು ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದ ‘ಭಾರತ ಭಾರತಿ’ಯ ಅಂಗೈಯಗಲದ ಪುಸ್ತಕಗಳು. ನಮ್ಮ ಕಡೆಯ ಸಾಲಿಯಲ್ಲಿ ಓಟಕ್ಕೂ ಅದೇ ಬಹುಮಾನ, ಭಾಷಣಕ್ಕೂ ಅದೇ, ನೀಟಾಗಿ ತಲೆ ಬಾಚಿಕೊಂಡು ಬಂದದ್ದಕ್ಕೂ ಅದೇ. ಹೀಗೆ ಬಾಚಣಿಗೆಯ ಬಲದಿಂದ ನಾನು ಓದಿದ ಮಹಾಪುರುಷರು ಬಹಳ ಮಂದಿ. ಆಗ ಅವರ ಶೌರ್ಯ ಓದಿ ರೋಮಾಂಚನ. ಈಗ ಓದುವಾಗ ನನ್ನ ಕಣ್ಣು ಹೋಗುವುದು ಅವರ ತಾಯಂದಿರ ಕಡೆಗೆ. ಮಗ ಎಂಟನೇ ವಯಸ್ಸಿಗೆ ಮನೆ ಬಿಟ್ಟು ಹೋದ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರಲ್ಲ, ಅವತ್ತು ರಾತ್ರಿ ಆ ಮನೆಯಲ್ಲಿ ಅಡುಗೆ ಆಯಿತೋ ಇಲ್ಲವೋ?

ಆಮೇಲೆ ‘ಮಕ್ಕಳಿಗೆ’ ಎಂಬ ವೀಸಾದ ಮೇಲೆ ದೊಡ್ಡವರ ಪುಸ್ತಕಗಳೂ ನುಸುಳತೊಡಗಿದವು. 1956ರಲ್ಲಿ ಬಂದ ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಮತ್ತು ಗಂಗಾಮಾಯಿ’ಯನ್ನು ಕಾಲೇಜಿನಲ್ಲಿದ್ದಾಗ ಎರಡು ಸಲ ಕೈಗೆತ್ತಿಕೊಂಡು, ಇದರಲ್ಲಿ ಏನೂ ನಡೆಯುವುದೇ ಇಲ್ಲವಲ್ಲ ಎಂದು ಇಟ್ಟಿದ್ದೆ. ಮದುವೆಯಾಗಿ, ನಾದಿನಿಯರ ಮದುವೆ ಮಾಡಿ, ಹೊಲದ ಹಿಸೆಯ ಪಂಚಾಯ್ತಿಯನ್ನು ವೀಡಿಯೋ ಕಾಲಿನಲ್ಲಿ ನೋಡಿದ ಮೇಲೆ ಓದಿದೆ. ನಡೆಯದೆ ಇರುವುದು ಏನೂ ಇಲ್ಲ ಅದರಲ್ಲಿ! ಅಕ್ಕ, ತಮ್ಮ, ಹೆಣ್ಣು ಕೊಡುವ ಹಟ, ಹಳೇ ಸಿಟ್ಟು. ನಮ್ಮ ಮನೆತನದ ವಾಟ್ಸ್ಆ್ಯಪ್ ಗ್ರೂಪು ಪುಣೇಕರರಿಗೆ ಅಷ್ಟು ಮುಂಚೆ ಹೇಗೆ ಸಿಕ್ಕಿತು ಎಂಬುದೇ ನನಗೆ ಸೋಜಿಗ.

‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಕಥೆ ಇನ್ನೂ ಬೇರೆ. ಅದು ಬೈಲಹೊಂಗಲದಲ್ಲೇ ನಡೆದ ಸಂಗತಿ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಆದರೆ ನಾವು ಹುಡುಗಿಯರು ಕೇಳಿದರೆ, ಅಂಥಾದ್ದು ನಮ್ಮೂರಾಗ ಏನೂ ಆಗಿಲ್ಲ ಎನ್ನುತ್ತಿದ್ದರು. ಪರರ ಹೆಂಡತಿ ಗಂಗಿಯ ಮೇಲೆ ಮನಸ್ಸು, ಗೆಳೆಯನ ದ್ರೋಹ, ಕೊನೆಗೊಂದು ಕೊಲೆ. ಸಣ್ಣಾಟಕ್ಕೆ ಸರಿ, ಸಣ್ಣವರಿಗೆ ತಪ್ಪು. ಈಗ ಅದರ ಪುಸ್ತಕ ತರಿಸಿ ಅಡುಗೆಮನೆಯಲ್ಲಿ ಕದ್ದು ಓದುತ್ತಿದ್ದೆ. ಆರು ತಿಂಗಳ ವೀಸಾದ ಮೇಲೆ ಬಂದಿದ್ದ ಅತ್ತೆಯವರು ಹಿಂದಿನಿಂದ ಇಣುಕಿದರು. ನಾನು ಬೆಚ್ಚಿ ಮುಚ್ಚುವಷ್ಟರಲ್ಲಿ ಗಂಗಿಯ ಪದ ಅವರ ಬಾಯಿಂದ ರಾಗ ಸಮೇತ ಬಂತು. ಒಂದಲ್ಲ, ಸಾಲುಸಾಲಾಗಿ! “ಚಕ್ಕಡಿ ತಳಗ ಮಕ್ಕೊಂಡಾಂಗ ಮಾಡಿ ರಾತ್ರೆಲ್ಲಾ ಕೇಳೀನಿ. ನಿಮ್ಮ ಮಾವನಿಗೆ ಹೇಳಬ್ಯಾಡ” ಎಂದರು. ಮಾವನವರು ತೀರಿಕೊಂಡು ಬಹಳ ಕಾಲವಾಗಿದೆ.

ಇಷ್ಟರವರೆಗೆ ಮನೆಯಲ್ಲಿ ಶಾಂತಿಯಿತ್ತು. ಅದನ್ನು ಕೆಡಿಸಿದ್ದು ನಮ್ಮ ಮಗಳು. ಕಾಲೇಜಿನ ಓದಿಗೆ ಬೇಕೆಂದು ಲೈಬ್ರರಿಯಿಂದ ಇಟ್ಟಂಗಿ ದಪ್ಪದ ಪುಸ್ತಕವೊಂದನ್ನು ತಂದು ಊಟದ ಮೇಜಿನ ಮೇಲಿಟ್ಟಳು. ಅತ್ತೆಯವರಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ. ಬೆರಳಿಟ್ಟು ಓದಿದರು.

“ಥ್ಯಾ... ಕ... ರೆ. ಯಾವ ಥ್ಯಾಕರೆ ಇಂವಾ?”

“ವ್ಯಾನಿಟಿ ಫೇರ್ ಆಯಿ, ಕ್ಲಾಸಿಕ್!”

“ಕ್ಲಾಸ್ ಮನಿ ಹಾಳಾತು. ಥ್ಯಾಕರೆ ನಮ್ಮ ಮನ್ಯಾಗ?”

ಕಿತ್ತೂರ ನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ 1824ರಲ್ಲಿ ತೀರಿಕೊಂಡಾಗ, ದತ್ತಕವನ್ನು ಒಪ್ಪುವುದಿಲ್ಲ ಎಂದು ಕೋಟೆಯ ಬಾಗಿಲಿಗೆ ಬಂದವನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ. ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಮಂದಿ ಹೊರಬಿದ್ದರು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಅಂದಿನಿಂದ ಇಂದಿನವರೆಗೆ ನಮ್ಮ ಕಡೆಯ ಪ್ರತಿ ಸಾಲಿಯ ಗ್ಯಾದರಿಂಗಿನಲ್ಲೂ ಅವನು ಬೀಳುತ್ತಲೇ ಇದ್ದಾನೆ. ನಮ್ಮನೆಯವರು ಚಿಕ್ಕಂದಿನಲ್ಲಿ ಕೆಂಪಗಿದ್ದರಂತೆ. ಬಣ್ಣ ನೋಡಿದ ಮಾಸ್ತರು ಪ್ರತಿವರ್ಷ ಅವರನ್ನೇ ಥ್ಯಾಕರೆ ಮಾಡುತ್ತಿದ್ದರು. ಸೆಣಬಿನ ಕೂದಲು, ಅಪ್ಪನ ಕೋಟು, ‘ಗೆಟ್ ಔಟ್’ ಎಂಬ ಒಂದೇ ಮಾತು, ಬಳಿಕ ಮರಣ. ಮುಂದಿನ ಸಾಲಿನಲ್ಲಿ ಕೂತ ತಾಯಿಗೆ ಚಪ್ಪಾಳೆ ತಟ್ಟಬೇಕೋ ಅಳಬೇಕೋ ಗೊತ್ತಾಗುತ್ತಿರಲಿಲ್ಲ. ಥ್ಯಾಕರೆ ಎಂಬ ಹೆಸರಿನ ಮೇಲೆ ಅತ್ತೆಯವರಿಗೆ ನಾಡಿನ ಸಿಟ್ಟಿನ ಜೊತೆ ಈ ಖಾಸಗಿ ಲೆಕ್ಕವೂ ಇದೆ.

ಪುಸ್ತಕ ಬರೆದವನು ಬೇರೆ ಥ್ಯಾಕರೆ ಎಂದು ಸಮಾಧಾನ ಮಾಡಹೋದೆವು. ಮಗಳು ಫೋನಿನಲ್ಲಿ ಹುಡುಕಿ, ಕಣ್ಣರಳಿಸಿ, ಇದ್ದ ಸಮಾಧಾನವನ್ನೂ ಕೆಡಿಸಿದಳು. ವಿಲಿಯಂ ಮೇಕ್‌ಪೀಸ್ ಥ್ಯಾಕರೆ 1811ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದವನು. ಕಿತ್ತೂರಿನಲ್ಲಿ ಸತ್ತ ಕಲೆಕ್ಟರ್ ಅವನ ಅಪ್ಪನ ಖಾಸಾ ತಮ್ಮ!

“ಕಾಕಾ ಆಗಬೇಕು” ಎಂದರು ಅತ್ತೆಯವರು, ಬೀಗತನದ ತಂತು ಹಿಡಿದವರ ಗಾಂಭೀರ್ಯದಿಂದ. “ಹೊರಗ ಇಡು.”

ಮಳೆಯಲ್ಲಿ ಲೈಬ್ರರಿ ಪುಸ್ತಕ ಹೊರಗಿಡುವಂತಿಲ್ಲ. ಒಳಗೆ ಅತ್ತೆಯವರು ಬಿಡುವುದಿಲ್ಲ. ಕೊನೆಗೆ ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಅಂತಸ್ತಿನಲ್ಲಿ ಥ್ಯಾಕರೆಗೆ ಜಾಗ ಸಿಕ್ಕಿತು. ಇಂಗ್ಲಿಷ್ ಸಾಹಿತ್ಯದ ಮೇರುಕೃತಿಯನ್ನು ಮಗಳು ದಿನಾ ನನ್ನ ಶೂಗಳ ಪಕ್ಕದಿಂದ ಎತ್ತಿಕೊಂಡು ಹೋಗಿ ಓದತೊಡಗಿದಳು.

ಒಂದು ಸಂಜೆ ಆಕೆ ಓದುತ್ತ ನಗುತ್ತಿದ್ದಳು. ಯಾರೇ ನಕ್ಕರೂ ಕಾರಣ ತಿಳಿಯದೆ ಬಿಡುವ ಪೈಕಿ ಅಲ್ಲ ಅತ್ತೆಯವರು. ಮಗಳು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು, ನಾನು ನಡುನಡುವೆ ತೇಪೆ ಹಾಕಿದೆ. ಬೆಕಿ ಶಾರ್ಪ್ ಅಂತ ಒಬ್ಬ ಹುಡುಗಿ. ಅಪ್ಪ ಇಲ್ಲ, ಅವ್ವ ಇಲ್ಲ, ಕೈಯಲ್ಲಿ ಕಾಸಿಲ್ಲ, ತಲೆ ಮಾತ್ರ ಬಹಳ ಚುರುಕು. ಸಾಲಿ ಬಿಡುವಾಗ ಉಡುಗೊರೆಯಾಗಿ ಕೊಟ್ಟ ನಿಘಂಟನ್ನು ಗಾಡಿಯ ಕಿಟಕಿಯಿಂದ ತಿರುಗಿ ಎಸೆಯುತ್ತಾಳೆ. ಅದು ನಡೆದದ್ದು ನಮ್ಮ ಮನೆಗೆ ಹತ್ತಿರದ ಚಿಸಿಕ್‌ನಲ್ಲಿ. ಆಕೆ ಹೋಗಿ ಸೇರುವ ಮನೆಯಲ್ಲಿ ಹಿಂದೂಸ್ತಾನದಿಂದ ಬಂದ ಕಲೆಕ್ಟರ್ ಒಬ್ಬನಿದ್ದಾನೆ, ಜಾಸ್ ಸೆಡ್ಲಿ. ಅವನನ್ನು ಒಲಿಸಿಕೊಳ್ಳಲು ಹುಡುಗಿ ಅವನಿಗೆ ಇಷ್ಟವಾದ ಖಾರದ ಪಲ್ಯ ತಿಂದು ಕಣ್ಣೀರಾಗುತ್ತಾಳೆ. ಅವನು ‘ಚಿಲಿ’ ತಗೋ ಎನ್ನುತ್ತಾನೆ. ಚಳಿ ಎಂಬಂತೆ ಕೇಳಿಸಿ, ತಂಪಿನ ಪದಾರ್ಥವೆಂದು ನಂಬಿ, ಹಸಿ ಮೆಣಸಿನಕಾಯಿ ಕಡಿದು, ನೀರು ನೀರು ಎಂದು ಕೂಗುತ್ತಾಳೆ.

ಅತ್ತೆಯವರು ಬಹಳ ಹೊತ್ತು ನಕ್ಕರು. ಬಳಿಕ ನಗು ನಿಲ್ಲಿಸಿ, “ಒಂದ ಮೆಣಸಿನಕಾಯಿ ತಡಕೊಳ್ಳಾಕ ಬರದ ಮಂದಿ, ಬ್ಯಾಡಗಿ ಸೀಮಿ ಆಳಾಕ ಬಂದಿತ್ತು ನೋಡು” ಎಂದರು. ಆ ರಾತ್ರಿ ಥ್ಯಾಕರೆ ಚಪ್ಪಲಿ ಸ್ಟ್ಯಾಂಡಿನಿಂದ ಟಿ.ವಿ. ಮೇಜಿಗೆ ಬಂದ.

ಅಲ್ಲಿಂದ ಮುಂದೆ ದಿನಾ ಸಂಜೆ ಪುರಾಣ. ವಾಟರ್ಲೂ ಯುದ್ಧದ ಸದ್ದಿಗೆ ಹೆದರಿದ ಕಲೆಕ್ಟರ್ ಸಾಹೇಬ, ಸಿಪಾಯಿ ಅಂದುಕೊಂಡಾರು ಎಂದು ಮೀಸೆ ಬೋಳಿಸಿಕೊಂಡು ಓಡಲು ನಿಂತಾಗ ಅತ್ತೆಯವರು ಚಪ್ಪಾಳೆ ಹೊಡೆದರು. ಅದೇ ಸಮಯ ಸಾಧಿಸಿ ಬೆಕಿ ತನ್ನ ಕುದುರೆಗಳನ್ನು ಬಾಯಿಗೆ ಬಂದ ರೇಟಿಗೆ ಅವನಿಗೆ ಮಾರಿದಾಗ, ದನದ ಸಂತೆ ಕಂಡವರ ಮೆಚ್ಚುಗೆಯಿಂದ ತಲೆದೂಗಿದರು. ಕಾಕಾ ಕಲೆಕ್ಟರನಾಗಿ ಯುದ್ಧದಲ್ಲಿ ಸತ್ತ. ಅಣ್ಣನ ಮಗ ಕಾದಂಬರಿಯಲ್ಲಿ ಕಲೆಕ್ಟರನನ್ನೇ ಪುಕ್ಕಲ ಮಾಡಿದ. ಮನೆತನದಲ್ಲಿ ಏನೋ ಹಿಸೆಯ ಜಗಳ ಇದ್ದಿರಬೇಕು ಎಂಬುದು ಅವರ ಅನುಮಾನ. ಪುಸ್ತಕದ ಉಪಶೀರ್ಷಿಕೆ ‘ನಾಯಕನಿಲ್ಲದ ಕಾದಂಬರಿ’ ಎಂದು ಮಗಳು ಹೇಳಿದಾಗಲಂತೂ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ನಾಯಕ ಅವರಿಗೆ ಎಲ್ಲಿಂದ ಸಿಗಬೇಕು? ರಾಯಣ್ಣ, ಬಾಳಪ್ಪ ಎಲ್ಲಾರೂ ನಮ್ಮ ಕಡೆನ ಇದ್ರಲ್ಲ!”

ಈ ಗಲಾಟೆಯಲ್ಲಿ, ಖಾತೆದಾರಳು ಮೊದಲ ಸಲ ತನ್ನ ಕಪಾಟಿಗೆ ಬಂದಳು. ನಿಜವಾಗಿ ಕಿತ್ತೂರಿನಲ್ಲಿ ಏನಾಯಿತು ಎಂದು ತಿಳಿಯಲು ಚನ್ನಮ್ಮನ ಮೇಲಿನ ಚಿಕ್ಕ ಪುಸ್ತಕವೊಂದನ್ನು ತೆಗೆದು, ಒತ್ತಕ್ಷರಕ್ಕೊಮ್ಮೆ ಎಡವುತ್ತ ಓದಿದಳು. ಅದು ನಾನು ಬಹುಮಾನವಾಗಿ ಪಡೆದದ್ದು. ಅರ್ಧದವರೆಗೆ ಪುಟಗಳು ಜಜ್ಜಿಹೋಗಿದ್ದವು, ಮುಂದಿನವು ಗರಿಗರಿ. ಗ್ಯಾದರಿಂಗಿನ ನಾಟಕ ಅಕ್ಟೋಬರ್ 23ಕ್ಕೆ ಮುಗಿಯುತ್ತಿತ್ತು, ನನ್ನ ಓದೂ ಅಲ್ಲಿಗೇ ಮುಗಿದಿತ್ತು. ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದು, ಬೈಲಹೊಂಗಲದ ಸೆರೆ, ನಾಲ್ಕು ವರ್ಷ ಕಳೆದು 1829ರಲ್ಲಿ ರಾಣಿ ಅಲ್ಲೇ ತೀರಿಕೊಂಡದ್ದು, ಇದೆಲ್ಲ ಪರೀಕ್ಷೆಗೆ ಉರು ಹೊಡೆದದ್ದೇ ಹೊರತು ಓದಿದ್ದಲ್ಲ. ಚಿಕ್ಕವರಿದ್ದಾಗ ಗೆದ್ದವರು ಯಾರು ಎಂದು ತಿಳಿಯಲು ಓದುತ್ತೇವೆ. ದೊಡ್ಡವರಾದ ಮೇಲೆ, ಗೆದ್ದ ಮರುದಿನ ಆ ಮನೆಯಲ್ಲಿ ಏನು ನಡೆಯಿತು ಎಂಬುದೇ ಕಥೆಯಾಗುತ್ತದೆ.

ಮಗಳಿಗೆ ಹಿಡಿಸಿದ್ದು ಮಾತ್ರ ಇನ್ನೊಬ್ಬ. ಥ್ಯಾಕರೆ ಸತ್ತ ದಿನ ಕಿತ್ತೂರಿನವರ ಕೈಗೆ ಒತ್ತೆಯಾಳಾಗಿ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬನಾದ, ಇಪ್ಪತ್ತು ದಾಟಿದ ಹುಡುಗ ವಾಲ್ಟರ್ ಎಲಿಯಟ್. ಕೆಲವು ವಾರ ಸೆರೆಯಲ್ಲಿದ್ದು ಬಿಡುಗಡೆಯಾದವನು ಇದೇ ಸೀಮೆಯಲ್ಲಿ ಉಳಿದು, ಊರೂರು ತಿರುಗಿ ನೂರಾರು ಶಾಸನಗಳ ನಕಲು ಮಾಡಿಸಿ, ಚಾಲುಕ್ಯರ ಚರಿತ್ರೆಗೆ ದಾರಿ ಹಾಕಿದ. ಹಳಗನ್ನಡದ ಕಲ್ಲುಗಳ ಹಿಂದೆ ಹೀಗೆ ಬಿದ್ದ ಬಿಳಿಯ! ನಮ್ಮನೆಯವರು ಗಂಭೀರವಾಗಿ, “ಭಾನುವಾರದ ಕನ್ನಡ ಕ್ಲಾಸ್ ಬಂದ್ ಮಾಡೋಣು. ಹುಡುಗರನ್ನ ಕಿತ್ತೂರಾಗ ನಾಕು ವಾರ ಒತ್ತೆ ಇಟ್ಟರ ಸಾಕು” ಎಂದರು. ಮಗಳು ಒಪ್ಪಿದಳು, ವೈಫೈ ಇದೆಯೇ ಎಂದಷ್ಟೇ ಕೇಳಿದಳು.

ಅತ್ತೆಯವರ ವೀಸಾ ಮುಗಿಯುವ ಮುನ್ನ ಪುಸ್ತಕ ಮುಗಿಯಿತು. ಊರಿಗೆ ಹೋದ ವಾರವೇ ಫೋನ್ ಬಂತು. ಪಕ್ಕದ ಮನೆಯ ಹುಡುಗನಿಗೆ ಈ ಸಲದ ಗ್ಯಾದರಿಂಗಿನಲ್ಲಿ ಥ್ಯಾಕರೆ ಪಾರ್ಟು ಬಂದಿದೆಯಂತೆ. ಅವನೂ ಪಾಪ, ಕೆಂಪಗಿದ್ದಾನೆ. ಅತ್ತೆಯವರು ಮಾಸ್ತರರನ್ನು ಕಂಡು ಸಲಹೆ ಕೊಟ್ಟು ಬಂದಿದ್ದರು.

“ಆ ಕೂಸಿಗೆ ಗುಂಡು ಹೊಡೀಬ್ಯಾಡ್ರಿ ಅಂತ ಹೇಳಿ ಬಂದೀನಿ. ಸ್ಟೇಜಿನ ಮ್ಯಾಲೆ ಒಂದ ಮೆಣಸಿನಕಾಯಿ ಕೊಡ್ರಿ, ಸಾಕು. ಅವರ ಮನೆತನದ ಪುಸ್ತಕದಾಗ ಹಂಗ ಬರದೈತಿ.”