ಕಂಟ್ರಾಕ್ಟ್ರ ಹೆಸರಿನದೊಂದು ಕಾರ್ಡು

ಅವರ ಹೆಸರು ಹೇಳಿ ಪ್ರಯೋಜನವಿಲ್ಲ. ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಮಾದೇವಾ’ ಎಂದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ, ಉಳಿದರ್ಧ ಬೆಟ್ಟದ ದಿಕ್ಕಿಗೆ ಕೈಮುಗಿಯುತ್ತಾರೆ. ಅದಕ್ಕೇ ಊರವರು ಅವರನ್ನು ಬರೀ ‘ಕಂಟ್ರಾಕ್ಟ್ರು’ ಅನ್ನುವುದು. ಹಾಗೆ ಕೂಗಿದರೂ ನಾಲ್ಕೈದು ತಲೆ ಎದ್ದೇಳುತ್ತವೆ ಅನ್ನಿ. ಕೊಳ್ಳೇಗಾಲದಿಂದ ಬೇರೆಯಾಗಿ ಹನೂರು ತಾಲ್ಲೂಕಾದ ಮೇಲೆ ಆಫೀಸುಗಳು ಒಂದೊಂದಾಗಿ ಬಂದವು. ಕಂಟ್ರಾಕ್ಟ್ರುಗಳು ಮಾತ್ರ ಮೊದಲ ಮಳೆಗೆ ಅಣಬೆ ಎದ್ದ ಹಾಗೆ ಒಂದೇ ಸಲ ಎದ್ದರು.

ಗುರುತು ಹಿಡಿಯುವುದು ಸುಲಭ. ಬಿಳಿ ಶರ್ಟು, ಅದರ ತೆಳು ಜೇಬಿನೊಳಗಿಂದ ಇಣುಕುವ ಐನೂರರ ನೋಟು, ಸೊಂಟಕ್ಕೆ ಅಳತೆಯ ಟೇಪು, ಕಂಕುಳಲ್ಲಿ ಸಿಮೆಂಟ್ ಅಂಗಡಿಯವರು ಕೊಟ್ಟ ಹೋದ ವರ್ಷದ ಡೈರಿ. ಹೊಸ ಡೈರಿ ಸಿಗುವುದು ಹಳೆ ಬಾಕಿ ತೀರಿಸಿದವರಿಗೆ. ಫೋನು ಎರಡು: ಒಂದರಿಂದ ಇವರು ಇಂಜಿನಿಯರಿಗೆ ಮಾಡುತ್ತಾರೆ, ಅವರು ಎತ್ತುವುದಿಲ್ಲ; ಇನ್ನೊಂದಕ್ಕೆ ಸಾಲ ಕೊಟ್ಟವರು ಮಾಡುತ್ತಾರೆ, ಇವರು ಎತ್ತುವುದಿಲ್ಲ. ಅಪ್ಪಿತಪ್ಪಿ ಎತ್ತಿದರೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತೇ ‘ಸೈಟ್ ತಾವ್ ಇವ್ನಿ ಕನಪ್ಪ, ಕಾಂಕ್ರೀಟ್ ಬೀಳ್ತಾ ಅದ’ ಅನ್ನುತ್ತಾರೆ. ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು ಬೇಕಾದರೆ ಟೀ ಅಂಗಡಿಯವನು ಲೋಟ ತೊಳೆಯುತ್ತಾನೆ.

ಹಾಗಂತ ಕೆಲಸ ಮಾಡದವರೇನಲ್ಲ. ಬೀದಿಗೆ ಸಿಸಿ ರೋಡು ಹಾಕಿದವರು ಅವರೇ. ಜಲಜೀವನ್ ಮಿಷನ್ ಪೈಪಿಗೆ ಅಂತ ಅದೇ ರೋಡು ಅಗೆದವರೂ ಅವರೇ. ಅಗೆದದ್ದನ್ನು ಮುಚ್ಚುವ ಎಸ್ಟಿಮೇಟು ಈಗ ಅವರ ಡೈರಿಯಲ್ಲಿದೆ. ಕಾಡಂಚಿನಲ್ಲಿ ಆನೆ ಕಂದಕ ತೋಡಿಸುತ್ತಾರೆ. ಮಳೆಗಾಲ ಕಳೆದು ಆನೆ ಬಂದು ದಂಡೆಯ ಮಣ್ಣು ಕೆಡವಿ ದಾಟಿಹೋದರೆ ಹೊಲದವರು ಹಣೆ ಚಚ್ಚಿಕೊಳ್ಳುತ್ತಾರೆ, ಕಂಟ್ರಾಕ್ಟ್ರು ಟೇಪು ತೆಗೆಯುತ್ತಾರೆ. ಅಮಾವಾಸ್ಯೆಗೆ ಮಾತ್ರ ಎಲ್ಲ ಬಂದ್. ಆವತ್ತು ಅವರ ಗಾರೆಯವರು, ಹೆಲ್ಪರು, ಮಿಕ್ಸರ್ ಓಡಿಸುವವನು ಎಲ್ಲರೂ ಮಾದಪ್ಪನ ಬೆಟ್ಟದಲ್ಲಿ. ಮರುದಿನವೂ ಬರುವುದಿಲ್ಲ, ಅದು ಬೇರೆ ಕಾರಣಕ್ಕೆ.

ಇಂಥ ಮನುಷ್ಯನಿಗೆ ಒಂದು ದಿನ ಬಿಸಿನೆಸ್ ಕ್ರೆಡಿಟ್ ಕಾರ್ಡು ಬೇಕು ಅನ್ನಿಸಿತು. ರೋಗ ಅಂಟಿದ್ದು ಮೈಸೂರಿನಲ್ಲಿ. ಯಾವುದೋ ಟೆಂಡರಿನ ವಿಚಾರಕ್ಕೆ ದೊಡ್ಡ ಕಂಟ್ರಾಕ್ಟರೊಬ್ಬರ ಜತೆ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದರಂತೆ. ಬಿಲ್ಲು ಬಂದಾಗ ಇವರು ವಾಡಿಕೆಯಂತೆ ಕೈ ತೊಳೆಯಲು ಎದ್ದಿದ್ದಾರೆ. ಹಿಂದಿರುಗಿ ನೋಡಿದರೆ ಆತ ಕರೀ ಬಣ್ಣದ ಕಾರ್ಡೊಂದನ್ನು ಎರಡೇ ಬೆರಳಲ್ಲಿ ಹಿಡಿದು ಸಪ್ಲೈಯರಿಗೆ ಕೊಡುತ್ತಿದ್ದಾನೆ. ಕಾರ್ಡಿನ ಮೇಲೆ ಆತನ ಹೆಸರು, ಹೆಸರಿನ ಕೆಳಗೆ ಆತನ ಕಂಪನಿಯ ಹೆಸರು. ‘ದುಡ್ಡ ಮುಟ್ನೇ ಇಲ್ಲ ಕನಾ! ಆ ಸಪ್ಲೈಯರು ಬಗ್ಗಿ ನಮಸ್ಕಾರ ಬೇರೆ ಮಾಡ್ದ!’ ಎಂದು ಮರುದಿನ ಟೀ ಅಂಗಡಿಯಲ್ಲಿ ಅವರು ವರ್ಣಿಸಿದ ರೀತಿಗೆ ನಮಗೂ ಒಂದು ಕಾರ್ಡು ಇದ್ದಿದ್ದರೆ ಅನ್ನಿಸಿಬಿಟ್ಟಿತು.

ಬೆಂಚಿನ ಆ ತುದಿಯಲ್ಲಿ ಪೇಪರ್ ಓದುತ್ತಿದ್ದ ರಿಟೈರ್ಡ್ ಮೇಷ್ಟ್ರು ಕನ್ನಡಕ ಇಳಿಸಿ, ‘ಬಡ್ಡಿ ಗೊತ್ತೇನಪ್ಪ?’ ಅಂದರು. ನಮ್ಮ ಕಡೆ ಬಡ್ಡಿ ಲೆಕ್ಕ ಈಗಲೂ ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಅಂತಲೇ. ಎರಡು ರೂಪಾಯಿ ಬಡ್ಡಿಯವನು ಬಂಧು, ಮೂರು ರೂಪಾಯಿಯವನು ಪರಿಚಯಸ್ಥ, ಐದು ರೂಪಾಯಿಯವನನ್ನು ಕಂಡರೆ ರಸ್ತೆ ಬದಲಾಯಿಸುವುದು. ಮೇಷ್ಟ್ರು ಕಾರ್ಡನ್ನು ಈ ಪಟ್ಟಿಗೆ ಸೇರಿಸಿದರು: ಬಾಕಿ ಉಳಿಸಿಕೊಂಡರೆ ಬಹಳಷ್ಟು ಕಾರ್ಡುಗಳದು ಮೂರೂವರೆ ರೂಪಾಯಿ ಬಡ್ಡಿ, ಅಂದರೆ ವರ್ಷಕ್ಕೆ ನೂರಕ್ಕೆ 42. ಇಪ್ಪತ್ತು ಸಾವಿರ ಉಳಿದರೆ ತಿಂಗಳಿಗೆ 700 ಬಡ್ಡಿ, ಆ ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ ಅಂತ 126. ನೀನು ಸಾವಿರ ಕಟ್ಟಿದರೆ 826 ಅಲ್ಲಿಗೇ ಹೋಯಿತು. ‘ಮೂವತ್ತಕ್ಕಿಂತ ಜಾಸ್ತಿ ಹಾಕಬಾರದು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನ ತೆಗೆದುಹಾಕಿತು,’ ಎಂದು ಪೇಪರು ಮಡಚಿದರು.

ಕಂಟ್ರಾಕ್ಟ್ರು ಕದಲಲಿಲ್ಲ. ‘ಐವತ್ತು ದಿಸದವರ್ಗೂ ಬಡ್ಡಿನೇ ಇಲ್ಲವಂತಲ್ಲ ಮೇಷ್ಟ್ರೇ!’

ಅದೂ ನಿಜವೇ. ಖರೀದಿಯ ದಿನ ನೋಡಿಕೊಂಡು ಉಜ್ಜಿ, ಗಡುವಿನೊಳಗೆ ಪೂರ್ತಿ ಕಟ್ಟಿದರೆ ಹೆಚ್ಚುಕಡಿಮೆ ಅಷ್ಟು ದಿನ ದುಡ್ಡು ಪುಕ್ಕಟೆ. ಆದರೆ ಕಾರ್ಡಿನವರು ಬಿಲ್ಲು ಕಳಿಸುವುದು ತಿಂಗಳಿಗೊಂದು. ಪಂಚಾಯ್ತಿಯವರು ಬಿಲ್ಲು ಪಾಸು ಮಾಡುವುದು ಮಾರ್ಚಿಗೊಂದು, ಅದೂ ಗ್ರ್ಯಾಂಟು ಬಂದರೆ. ಐವತ್ತು ದಿನದೊಳಗೆ ಎಂ.ಬಿ. ಪುಸ್ತಕದಲ್ಲಿ ಅಳತೆ ಬರೆಸಿಕೊಳ್ಳುವುದೇ ಒಂದು ಸಾಹಸ. ಇಷ್ಟು ವರ್ಷ ಆ ನಡುವಿನ ತಿಂಗಳುಗಳನ್ನು ದಾಟಿಸಿದ್ದು ಹಾರ್ಡ್‌ವೇರ್ ಅಂಗಡಿಯವನ ಉದ್ದನೆಯ ಪುಸ್ತಕ. ಅವನಿಗೆ ಇವರ ಪಾನ್ ನಂಬರು ಬೇಡ. ಯಾವ ಚರಂಡಿಯ ಬಿಲ್ಲು ಯಾವ ಟೇಬಲ್ಲಿನ ಮೇಲಿದೆ, ಮಗಳ ಮದುವೆ ಯಾವಾಗ, ಎಲ್ಲವೂ ಗೊತ್ತು. ಬಡ್ಡಿ ಅಂತ ಹಾಕುವುದಿಲ್ಲ, ಕಬ್ಬಿಣದ ರೇಟಿನಲ್ಲೇ ಸೇರಿಸಿಕೊಳ್ಳುತ್ತಾನೆ. ಅದು ಎಷ್ಟು ರೂಪಾಯಿ ಬಡ್ಡಿ ಆಯಿತು ಅಂತ ಮೇಷ್ಟ್ರೂ ಲೆಕ್ಕ ಹಾಕಲು ಹೋಗಿಲ್ಲ.

ಮೊದಲ ಹೆಜ್ಜೆಯಾಗಿ ಉದ್ಯಮ್ ನೋಂದಣಿ. 2020ರ ಜುಲೈ ಒಂದರಿಂದ ನಡೆಯುತ್ತಿರುವ ಈ ನೋಂದಣಿಗೆ ಸರ್ಕಾರ ಒಂದು ಪೈಸೆ ಕೇಳುವುದಿಲ್ಲ. ಕೇಳುವವನು ಸೈಬರ್ ಸೆಂಟರಿನ ಹುಡುಗ. ಸಂಸ್ಥೆಯ ಹೆಸರು? ಕಂಟ್ರಾಕ್ಟ್ರು ಕಣ್ಮುಚ್ಚಿ ಮಾದಪ್ಪನ ಪೂರ್ತಿ ಹೆಸರು ಹೇಳಿ ಕೊನೆಗೆ ‘ಎಂಟರ್‌ಪ್ರೈಸಸ್’ ಸೇರಿಸಿದರು. ಕಚೇರಿಯ ವಿಳಾಸ? ಟೀ ಅಂಗಡಿಯ ಕಡೆ ನೋಡಿ, ಬೇಡವೆನ್ನಿಸಿ, ಮನೆಯದು ಕೊಟ್ಟರು. ನೌಕರರು ಎಷ್ಟು ಜನ? ‘ಬರ್ಕ, ಆರು. ಸ್ವಾಮಾರ ಆದ್ರ ಇಬ್ರು.’ ಸರ್ಟಿಫಿಕೇಟು ಕೈಗೆ ಬಂತು. ಹೊಸ ಮಿತಿಯ ಪ್ರಕಾರ ವರ್ಷಕ್ಕೆ ಹತ್ತು ಕೋಟಿ ವಹಿವಾಟಿನವರೆಗೂ ಅದು ‘ಸೂಕ್ಷ್ಮ’ ಉದ್ಯಮವೇ. ಆ ಅಂಕಿ ಕೇಳಿದ್ದೇ ಕಂಟ್ರಾಕ್ಟ್ರು, ‘ನಾನೂ ಹತ್ ಕೋಟಿಯವ್ನೂ ಒಂದೇ ಲಿಸ್ಟು ಕನಾ’ ಎಂದು ಎಲ್ಲರಿಗೂ ಟೀ ಹೇಳಿದರು. ಲೆಕ್ಕಕ್ಕೆ ಬರೆಸಿದರು.

ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿ ಬ್ಯಾಂಕಿಗೆ ಹೋದರು. ಮ್ಯಾನೇಜರು ಆಂಧ್ರದ ಕಡೆಯ ಹುಡುಗ, ಕನ್ನಡ ಕಲಿಯುತ್ತಿದ್ದಾನೆ, ‘ಬನ್ನಿ ಕೂತ್ಕೊಳ್ಳಿ’ಯವರೆಗೆ ಮುಗಿದಿದೆ. ಕಂಟ್ರಾಕ್ಟ್ರ ಪಾನ್ ನಂಬರ್ ಒತ್ತಿ ನೋಡಿದ, ಇನ್ನೊಮ್ಮೆ ಒತ್ತಿದ, ಪರದೆ ಒರೆಸಿ ನೋಡಿದ. ಏನೂ ಇಲ್ಲ. ಗುತ್ತಿಗೆ ಹಣ ಕೊಡುವಾಗ ಒಬ್ಬಂಟಿ ಗುತ್ತಿಗೆದಾರನಿಗೆ ಶೇಕಡ ಒಂದು ಟಿಡಿಎಸ್ ಮುರಿಯುತ್ತಾರೆ, ಅದು 26ಎಎಸ್ ಎಂಬ ಫಾರಮ್ಮಿನಲ್ಲಿ ಕಾಣಬೇಕು. ಇವರ 26ಎಎಸ್ ಖಾಲಿ. ಇಷ್ಟು ರೋಡು, ಇಷ್ಟು ಕಂದಕ, ಇಷ್ಟು ಚರಂಡಿ ಮಾಡಿದ ಮನುಷ್ಯ ಸರ್ಕಾರದ ಕಣ್ಣಿಗೆ ಈ ಜನ್ಮದಲ್ಲಿ ಒಂದು ರೂಪಾಯಿ ದುಡಿದಿಲ್ಲ.

ಇದರ ಹಿಂದೆ ಚರಿತ್ರೆಯಿದೆ. ಕಂಟ್ರಾಕ್ಟ್ರು ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಮೆಂಬರಾಗಿದ್ದರು. ಮೆಂಬರಾದವನು ತನ್ನ ಪಂಚಾಯ್ತಿಯ ಗುತ್ತಿಗೆಯಲ್ಲಿ ಪಾಲು ಇಟ್ಟುಕೊಳ್ಳುವಂತಿಲ್ಲ ಎಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಕಾಯ್ದೆಗೆ ಇವರು ತಲೆಬಾಗಿ ಲೈಸನ್ಸನ್ನು ಬಾಮೈದನ ಹೆಸರಿನಲ್ಲಿ ಮಾಡಿಸಿದರು. ಮೆಂಬರ್‌ಗಿರಿ ಹೋಯಿತು, ಲೈಸನ್ಸು ಅಲ್ಲೇ ಉಳಿಯಿತು. ಜಿಎಸ್‌ಟಿ ಬಾಮೈದನದು, ಟಿಡಿಎಸ್ ಬಾಮೈದನದು, ರಿಟರ್ನ್ಸು ಬಾಮೈದನದು. ಒಡವೆ ಸಾಲ ಹೆಂಡತಿಯ ಹೆಸರಿನಲ್ಲಿ. ಪಾಣಿ ಅಪ್ಪನ ಹೆಸರಿನಲ್ಲಿ, ಹಾಗಾಗಿ ಕಿಸಾನ್ ಕ್ರೆಡಿಟ್ ಕಾರ್ಡೂ ಅಪ್ಪನದೇ. ಸಕಾಲಕ್ಕೆ ತೀರಿಸಿದವರಿಗೆ ನಾಲ್ಕು ಪರ್ಸೆಂಟಿನ ಬಡ್ಡಿಯಲ್ಲಿ ಸಿಗುವ ಆ ಸಾಲ ದೇಶದಲ್ಲಿ 1998ರಿಂದ ಇದೆ, ಆದರೆ ಅದನ್ನು ತೋರಿಸಿದರೆ ಯಾವ ಸಪ್ಲೈಯರೂ ಬಗ್ಗುವುದಿಲ್ಲ. ಸಂಸ್ಥೆಯಂತೂ ಮಾದಪ್ಪನ ಹೆಸರಿನದು. ಒಟ್ಟಿನಲ್ಲಿ ಕಂಟ್ರಾಕ್ಟ್ರ ಸ್ವಂತ ಹೆಸರು ಇದ್ದದ್ದು ಮೂರೇ ಕಡೆ: ಆಧಾರಿನಲ್ಲಿ, ಪಾನ್ ಕಾರ್ಡಿನಲ್ಲಿ ಮತ್ತು ಹಾರ್ಡ್‌ವೇರ್ ಅಂಗಡಿಯ ಪುಸ್ತಕದಲ್ಲಿ.

ಸಿಬಿಲ್ ಸ್ಕೋರು ತೆಗೆದರೆ ಮೈನಸ್ ಒಂದು. ಮುನ್ನೂರರಿಂದ ಒಂಬೈನೂರರವರೆಗೆ ಇರುವ ಈ ಅಂಕಪಟ್ಟಿಯಲ್ಲಿ ಸಾಲದ ಚರಿತ್ರೆಯೇ ಇಲ್ಲದವರಿಗೆ ಕೊಡುವ ಗುರುತು ಅದು. ಟೀ ಅಂಗಡಿಯಲ್ಲಿ ಇದರ ಚರ್ಚೆ ವಾರಗಟ್ಟಲೆ ನಡೆಯಿತು. ಪರೀಕ್ಷೆಗೇ ಕೂರದವನಿಗೆ ಸೊನ್ನೆ ಕೊಡಬಹುದು, ಮೈನಸ್ ಹೇಗೆ ಕೊಟ್ಟರು? ‘ಜೀವ್ಮಾನೆಲ್ಲ ಸಾಲ್ದಲ್ಲೇ ಇವ್ನಿ, ನನ್ಗ ಸಾಲನೇ ಗೊತ್ತಿಲ್ಲ ಅಂತ ಬರ್ದವ್ರಲ್ಲ!’ ಎಂದು ಕಂಟ್ರಾಕ್ಟ್ರು ನಿಜಕ್ಕೂ ನೊಂದುಕೊಂಡರು.

ಮ್ಯಾನೇಜರು ಒಳ್ಳೆಯವನು. ಒಂದು ಎಫ್‌ಡಿ ಇಡಿ, ಅದರ ಮೇಲೆ ಕಾರ್ಡು ಕೊಡುತ್ತೇವೆ, ಸರಿಯಾಗಿ ಕಟ್ಟುತ್ತ ಬಂದರೆ ಸ್ಕೋರೂ ಬೆಳೆಯುತ್ತದೆ ಅಂದ. ನನ್ನ ಕೇಳಿದರೆ ಅದೇ ಇದ್ದದ್ದರಲ್ಲಿ ಬುದ್ಧಿವಂತರ ದಾರಿ. ಕಂಟ್ರಾಕ್ಟ್ರಿಗೆ ಅವಮಾನವಾಯಿತು: ‘ನನ್ ದುಡ್ಡ ನೀವ್ ಮಡಿಕಂಡು ಅದ್ನೇ ನನ್ಗ ಸಾಲ ಕೊಟ್ಟೀರಾ ಸಾ?’ ಜೊತೆಗೆ ಒಂದು ಸಣ್ಣ ತೊಡಕೂ ಇತ್ತು. ಇದ್ದ ಒಂದೇ ಎಫ್‌ಡಿ ಅವ್ವನ ಹೆಸರಿನಲ್ಲಿದೆ; ಹಿರಿಯರಿಗೆ ಬಡ್ಡಿ ಅರ್ಧ ಪರ್ಸೆಂಟು ಜಾಸ್ತಿ.

ಆಮೇಲೆ ಡೈರಿಯಿಂದ ಪೇಪರಿನ ತುಂಡೊಂದು ಹೊರಬಂತು. 2025ರ ಫೆಬ್ರುವರಿ ಒಂದರ ಬಜೆಟ್ಟಿನ ಸುದ್ದಿ: ಉದ್ಯಮ್ ನೋಂದಣಿಯಾದ ಸೂಕ್ಷ್ಮ ಉದ್ಯಮಗಳಿಗೆ ಐದು ಲಕ್ಷದ ಮಿತಿಯ ವಿಶೇಷ ಕ್ರೆಡಿಟ್ ಕಾರ್ಡು, ಮೊದಲ ವರ್ಷದಲ್ಲಿ ಹತ್ತು ಲಕ್ಷ ಕಾರ್ಡು. ‘ಹತ್ ಲಕ್ಷದಲ್ಲಿ ಒಂದು ನಮ್ ಹನೂರ್ಗ ಬ್ಯಾಡ್ವಾ ಸಾ?’ ಮ್ಯಾನೇಜರು ಪೇಪರನ್ನು ಗೌರವದಿಂದ ಓದುವವನಂತೆ ಹಿಡಿದು, ತಲೆಕೆಳಗು ಎಂದು ತಿಳಿದು ತಿರುಗಿಸಿ, ‘ಸರ್ಕ್ಯುಲರ್ ನೋಡೋಣ’ ಅಂದ. ಇದು ಅವನ ಎರಡನೆಯ ಕನ್ನಡ ವಾಕ್ಯ.

ಬೇರೊಂದು ಬ್ಯಾಂಕಿನ ಏಜೆಂಟ್ ಹುಡುಗ ಫೋನಿನಲ್ಲೇ ಅರ್ಜಿ ತುಂಬಿಸಿಕೊಂಡ. ಪರಿಶೀಲನೆಗೆ ಮನೆಗೆ ಬಂದಾಗ ಕಂಟ್ರಾಕ್ಟ್ರು ನಿಜಕ್ಕೂ ಸೈಟಿನಲ್ಲಿದ್ದರು, ಅಪರೂಪಕ್ಕೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅವ್ವ ಸಿಕ್ಕರು. ‘ನಿಮ್ಮ ಮಗ ಏನು ಮಾಡ್ತಾರಜ್ಜಿ?’ ಅವ್ವ ನಿಟ್ಟುಸಿರಿಟ್ಟು, ‘ಏನ್ ಮಾಡನಪ್ಪ, ಬೆಳಗೆದ್ರೆ ಗಾಡಿ ಹತ್ಕ ಓಯ್ತನ, ಕತ್ತಲಾದ್ರ ಬತ್ತನ. ನೀನೇ ಒಂದ್ ಗೌರ್ಮೆಂಟ್ ಕೆಲ್ಸ ಕೊಡ್ಸಪ್ಪ, ನಿನ್ಗ ಪುಣ್ಯ ಬತ್ತದ’ ಎಂದು ಹುಡುಗನ ಎರಡು ಕೈ ಹಿಡಿದುಕೊಂಡರಂತೆ. ಅವನು ಅವರೆಕಾಯಿ ಕಟ್ಟಿಸಿಕೊಂಡು ಹೋದ. ಅರ್ಜಿ ತಿರಸ್ಕೃತವಾದ ಮೆಸೇಜು ರಾತ್ರಿಯೊಳಗೇ ಬಂತು.

ಇತ್ತ ಬಾಮೈದನ ಕಥೆ ಬೇರೆ. ಲೊಕ್ಕನಹಳ್ಳಿ ಕಡೆ ಅರಿಶಿನ ಬೆಳೆದುಕೊಂಡು, ಕೇಳಿದ ಕಡೆ ಸಹಿ ಹಾಕಿಕೊಂಡು ಇದ್ದ ಸಾಧು ಪ್ರಾಣಿ. ಅವನ ಪಾನ್ ನಂಬರಿನ ಮೇಲೆ ವರ್ಷ ವರ್ಷ ಲಕ್ಷಾಂತರದ ಗುತ್ತಿಗೆ ಹಣ, ಟಿಡಿಎಸ್, ಕೊಳ್ಳೇಗಾಲದ ಆಡಿಟರು ಹಾಕಿದ ಅಚ್ಚುಕಟ್ಟು ರಿಟರ್ನ್ಸು. ದಿನಕ್ಕೆರಡು ಬ್ಯಾಂಕು ಅವನಿಗೆ ಫೋನು ಮಾಡಿ ಪ್ರೀ-ಅಪ್ರೂವ್ಡ್ ಬಿಸಿನೆಸ್ ಕಾರ್ಡು ತಗೊಳ್ಳಿ ಸಾರ್ ಎಂದು ಗೋಗರೆಯುತ್ತಿದ್ದವು. ಕೇಳದೆ ಕಾರ್ಡು ಕಳಿಸಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಕಟ್ಟಪ್ಪಣೆ ಮಾಡದೇ ಇದ್ದಿದ್ದರೆ ಅವನ ಹಟ್ಟಿಯ ಸೂರಿನ ತುಂಬ ಕಾರ್ಡು ಸಿಕ್ಕಿಸಿರುತ್ತಿದ್ದರು. ಅವನು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ: ‘ನಮ್ ಭಾವನ್ ಕೇಳ್ಬುಟ್ಟು ಯೋಳ್ತೀನಿ.’

ಭಾವನಿಗೆ ವಿಷಯ ತಿಳಿದದ್ದು ಯಾವುದೋ ತಿಥಿಯ ಊಟದಲ್ಲಿ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಾಮೈದನ ಹೆಸರಿಗೆ ಕಾರ್ಡು ಹಾಕಿಸಿ, ಅದರ ಮೇಲೆ ತಮಗೊಂದು ಆಡ್-ಆನ್ ಕಾರ್ಡು ಬರೆಸಿದರು. ಬಂತು. ನೀಲಿ ಕಾರ್ಡು, ಕರೀದಲ್ಲ. ಮೇಲೆ ಕಂಟ್ರಾಕ್ಟ್ರ ಹೆಸರು, ಅಪ್ಪನ ಹೆಸರಿನ ಇನಿಷಿಯಲ್ ಸಮೇತ. ಕೆಳಗಿನ ಸಾಲಿನಲ್ಲಿ ಸಂಸ್ಥೆಯ ಹೆಸರು ಹಿಡಿಸದೆ ‘ಎಂಟರ್‌ಪ್ರೈ’ ಎಂಬಲ್ಲಿಗೆ ನಿಂತುಬಿಟ್ಟಿತ್ತು. ಆದರೇನು, ಎಲ್ಲರ ಕೈಗೂ ಕೊಟ್ಟು ತೋರಿಸಿದರು. ಮೇಷ್ಟ್ರು ಹೆಸರನ್ನು ಜೋರಾಗಿ ಓದಿದಾಗ ಟೀ ಅಂಗಡಿಯಲ್ಲಿ ಒಬ್ಬಿಬ್ಬರು, ಓ, ಇವರ ಪೂರ್ತಿ ಹೆಸರು ಇದಾ ಅಂದುಕೊಂಡರು.

ಮೊದಲ ಖರೀದಿಗೆ ಮುಹೂರ್ತ ಚಿಕ್ಕಲ್ಲೂರು ಜಾತ್ರೆಯ ವಾರ ಕೂಡಿಬಂತು. ಮೈಸೂರಿನ ಡೀಲರಿಂದ ಒಂದು ಸಬ್‌ಮರ್ಸಿಬಲ್ ಮೋಟಾರು. ಡೀಲರು ಫೋನಿಗೆ ಲಿಂಕು ಕಳಿಸಿದ. ಸುತ್ತ ಹತ್ತು ಜನ ನೋಡುತ್ತಿರುವಂತೆ ಕಂಟ್ರಾಕ್ಟ್ರು ಕಾರ್ಡನ್ನು ಎರಡೇ ಬೆರಳಲ್ಲಿ ಹಿಡಿದು, ಹದಿನಾರು ಅಂಕಿ ಒತ್ತಿ, ಓಟಿಪಿಗೆ ಕಾದರು. ಬರಲಿಲ್ಲ. ಓಟಿಪಿ ಹೋಗುವುದು ಬಾಮೈದನ ನಂಬರಿಗೆ ಎಂದು ಹೊಳೆಯುವ ಹೊತ್ತಿಗೆ ಅರ್ಧ ಸಮಯ ಕಳೆದಿತ್ತು. ಬಾಮೈದ ಜಾತ್ರೆಯಲ್ಲಿದ್ದ. ಮೂರನೇ ಸಲಕ್ಕೆ ಫೋನು ಸಿಕ್ಕಿತು. ಸ್ಪೀಕರಿನಲ್ಲಿ ಕಂಸಾಳೆ, ತಮಟೆ, ಜನದ ಗದ್ದಲ.

‘ಲೋ, ಮೆಸೇಜ್ ಬಂದದ ನೋಡ್ಲಾ, ನಂಬರ್ ಹೇಳು ಬೇಗ!’

‘ಬಂದದ ಭಾವ.’

‘ಹೇಳ್ಲಾ ಮತ್ತ!’

ಆ ಕಡೆ ಸ್ವಲ್ಪ ಹೊತ್ತು ಬರೀ ತಮಟೆ. ಬಾಮೈದ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದ.

‘ಯಾರ್ಗೂ ಹೇಳ್ಬ್ಯಾಡಿ ಅಂತ ಬರ್ದವ್ರ ಕನ್ ಭಾವ.’