ಪಿಯಾನೋ ಟೀಚರ್ ಗಂಡ

ಪಿಯಾನೋ ಕಲಿಸುವವರ ಮನೆಯಲ್ಲಿ ವರ್ಷಕ್ಕೆ ಎರಡೇ ಕಾಲ: ಪರೀಕ್ಷೆಯ ಕಾಲ, ಪರೀಕ್ಷೆಗೆ ತಯಾರಾಗುವ ಕಾಲ. ಮಾವಿನ ಹಣ್ಣು, ಅವರೆಕಾಯಿಗಳೆಲ್ಲ ಇವೆರಡರ ಸಂದಿಯಲ್ಲಿ ಹೇಗೋ ಬಂದು ಹೋಗುತ್ತವೆ. ನನ್ನ ಹೆಂಡತಿ ಬೆಂಗಳೂರಿನಲ್ಲಿ ಪಿಯಾನೋ ಟೀಚರು. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಬಾಗಿಲು ತೆಗೆಯುವುದು, ಮಕ್ಕಳ ಚಪ್ಪಲಿಗಳನ್ನು ಜೋಡಿಯಾಗಿಸುವುದು, ಕಾದು ಕೂತ ತಾಯಂದಿರಿಗೆ ಮೊಬೈಲ್ ಚಾರ್ಜಿನ ಪ್ಲಗ್ ತೋರಿಸುವುದು, ಇಷ್ಟು ನನ್ನ ಸಂಗೀತ ಸೇವೆ. ಆದರೂ ಮಿನುಯೆಟ್ ಇನ್ ಜಿ ಎಂಬ ರಚನೆಯನ್ನು ನಾನು ಪೂರ್ತಿ ಗುನುಗಬಲ್ಲೆ. ಮಕ್ಕಳು ಎಡವುವ ಜಾಗದಲ್ಲಿ ನಿಯತ್ತಾಗಿ ನಾನೂ ಎಡವುತ್ತೇನೆ.

ಈ ಮಿನುಯೆಟ್ ಬಾಖ್‌ನದೆಂದೇ ಬಹುಕಾಲ ಲೋಕ ನಂಬಿತ್ತು. ಅವನ ಹೆಂಡತಿ ಆನಾ ಮಾಗ್ಡಲೇನಾಳ ನೋಟ್‌ಬುಕ್ಕಿನಲ್ಲಿ ಸಿಕ್ಕಿದ್ದು, ಇನ್ಯಾರದಿದ್ದೀತು? 1970ರ ದಶಕದಲ್ಲಿ ವಿದ್ವಾಂಸರು ಇದು ಡ್ರೆಸ್ಡನ್ನಿನ ಕ್ರಿಸ್ಟಿಯನ್ ಪೆಟ್ಸೋಲ್ಡ್ ಎಂಬ ಆರ್ಗನ್ ವಾದಕನದೆಂದು ಪತ್ತೆ ಮಾಡಿದರು. ಹೆಂಡತಿಯ ನೋಟ್‌ಬುಕ್ಕಿನಲ್ಲಿ ಇದ್ದದ್ದೆಲ್ಲ ಗಂಡನ ಸ್ವತ್ತೇ ಎಂದು ಅಷ್ಟು ವರ್ಷ ಎಲ್ಲರೂ ತಿಳಿದಿದ್ದರಲ್ಲ, ನಮ್ಮ ಮನೆಯ ಟೀಚರಿಗೆ ಇವತ್ತಿಗೂ ಅದೇ ಸಿಟ್ಟು.

ನಮ್ಮಲ್ಲಿ ಮಕ್ಕಳನ್ನು ಕೂರಿಸುವುದು ಲಂಡನ್ನಿನವರ ಪರೀಕ್ಷೆಗೆ. ಟ್ರಿನಿಟಿಯವರದು ಒಂದು, ಎಬಿಆರ್‌ಎಸ್‌ಎಂ ಇನ್ನೊಂದು. ಈ ಎರಡನೆಯದನ್ನು ಅಲ್ಲಿಯ ಎರಡು ದೊಡ್ಡ ಸಂಗೀತ ಕಾಲೇಜುಗಳು ಸೇರಿ 1889ರಲ್ಲಿ ಶುರುಮಾಡಿದವು. ಒಟ್ಟು ಎಂಟು ಗ್ರೇಡು. ಪರೀಕ್ಷಕರೆದುರು ಕೂತು ನುಡಿಸುವ ಪರೀಕ್ಷೆಗೆ 150 ಅಂಕ. ಮೂರು ರಚನೆಗಳಿಗೆ ತಲಾ 30, ಸ್ಕೇಲುಗಳಿಗೆ 21, ಹಿಂದೆಂದೂ ಕಾಣದ ಸ್ವರಲಿಪಿಯನ್ನು ಅರ್ಧ ನಿಮಿಷ ದಿಟ್ಟಿಸಿ ನುಡಿಸಿದರೆ 21, ಕಿವಿಯ ಪರೀಕ್ಷೆಗೆ 18. ಪಾಸಾಗಲು 100 ಬೇಕು! ಮೂವತ್ತೈದು ಬಂದರೆ ಬೀದಿಗೆಲ್ಲ ಪೇಡಾ ಹಂಚಿದ ತಲೆಮಾರಿನ ನನಗೆ ಇದು ಅನ್ಯಾಯವೆನಿಸಿತು. 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. 129 ಬಂದ ಮಗುವಿನ ಮನೆಯಲ್ಲಿ ಸೂತಕ.

ತಮಾಷೆಯೆಂದರೆ ಮಕ್ಕಳು ತಮ್ಮ ಟೀಚರಿಗೆ ಹೆದರುವುದಿಲ್ಲ. ವಾರವಾರ ನೋಡುವ ಮುಖ, ಪಾಠದ ಮಧ್ಯೆ ಚಕ್ಕುಲಿ ಕೊಡುವ ಕೈ, ಅದಕ್ಕೆಂಥ ಹೆದರಿಕೆ? ಹಾಗಾಗಿ ಪರೀಕ್ಷೆಗೆ ಕೆಲವು ವಾರ ಮೊದಲು ಟೀಚರುಗಳು ತಮ್ಮ ತಮ್ಮಲ್ಲೇ ಮಕ್ಕಳನ್ನು ಅದಲುಬದಲು ಮಾಡಿಕೊಂಡು ಸುಳ್ಳು ಪರೀಕ್ಷೆ ನಡೆಸುತ್ತಾರೆ. ನಮ್ಮ ಮಕ್ಕಳು ಕಾಕ್ಸ್ ಟೌನಿಗೆ, ಕಾಕ್ಸ್ ಟೌನಿನವರು ಮಲ್ಲೇಶ್ವರಕ್ಕೆ, ಮಲ್ಲೇಶ್ವರದವರು ನಮ್ಮಲ್ಲಿಗೆ. ಕಾಕ್ಸ್ ಟೌನಿನ ಟೀಚರು ಮಂಗಳೂರು ಕಡೆಯ ಹಿರಿಯರು, ದಶಕಗಳ ಕಾಲ ಚರ್ಚಿನಲ್ಲಿ ಆರ್ಗನ್ ನುಡಿಸಿದವರು. ಆ ದಿನಕ್ಕೆಂದೇ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮೇಜಿನ ಮೇಲೆ ಹಿತ್ತಾಳೆಯ ಗಂಟೆಯಿಟ್ಟು ಕೂರುತ್ತಾರೆ. ಗಂಟೆ ಟಿಣ್ ಎಂದರೆ ಒಂದು ಮಗು ಒಳಗೆ. ನಮ್ಮ ಮನೆಯಲ್ಲಿ ಕ್ಲೆಮೆಂಟಿಯ ಸೊನಾಟಿನಾವನ್ನು ರೈಲಿನಂತೆ ಓಡಿಸುವ ಪೋರ ಅಲ್ಲಿ ಸಿ ಮೇಜರ್ ಸ್ಕೇಲನ್ನೇ ಮರೆಯುತ್ತಾನೆ.

ಎಲ್ಲ ಮುಗಿದ ಮೇಲೆ ಫೋನು ಬರುತ್ತದೆ. ‘ಎಂಥದು ಮಾರಾಯ್ತಿ, ನಿನ್ನ ಹುಡುಗ ಪೆಡಲ್ ಮೇಲೆ ಕಾಲಿಟ್ಟವನು ತೆಗೆಯುವುದೇ ಇಲ್ಲವಲ್ಲ, ಬ್ರೇಕೆಂದು ತಿಳಿದಿದ್ದಾನಾ?’ ಇದೇ ಮಾತನ್ನು ಒಬ್ಬ ತಾಯಿ ಆಡಿದ್ದರೆ ನನ್ನ ಹೆಂಡತಿ ಎರಡು ದಿನ ಊಟ ಬಿಡುತ್ತಿದ್ದಳು. ಕಾಕ್ಸ್ ಟೌನಿನವರು ಅಂದರೆ ನಗುತ್ತಾಳೆ, ಆಮೇಲೆ ಪೆಡಲ್ ಗುರುತನ್ನು ಪೆನ್ಸಿಲಿನಲ್ಲಿ ತಿದ್ದುತ್ತಾಳೆ.

ಜಗಳಗಳೂ ಉಂಟು. ಕಾಕ್ಸ್ ಟೌನಿಗೆ ಚೆರ್ನಿಯೇ ವೇದ. ಮಲ್ಲೇಶ್ವರದವರಿಗೆ ಚೆರ್ನಿಯೂ ಬೇಡ, ಹಾನನ್ನನ ಅರವತ್ತು ಬೆರಳಭ್ಯಾಸಗಳೂ ಬೇಡ. ಅವುಗಳಿಂದ ಮಕ್ಕಳು ಟೈಪಿಸ್ಟರಾಗುತ್ತಾರೆ ಎನ್ನುತ್ತಾರೆ. ನನ್ನ ಹೆಂಡತಿ ಇಬ್ಬರೆದುರೂ ತಲೆಯಾಡಿಸುತ್ತಾಳೆ. ಚೆರ್ನಿ ಬೇತೋವನನ ಶಿಷ್ಯ, ಲಿಸ್ಟ್‌ನ ಗುರು. ಹುಡುಗ ಲಿಸ್ಟ್‌ನಿಗೆ ಪಾಠ ಹೇಳಿ ಕಾಸು ಮುಟ್ಟಲಿಲ್ಲವಂತೆ. ಈ ಕಥೆಯನ್ನು ಕಾಕ್ಸ್ ಟೌನಿನವರು ಹೇಳುವಾಗಲೆಲ್ಲ ನಾನು ಒಳಗೆ ಹೋಗಿಬಿಡುತ್ತೇನೆ. ಆ ತಿಂಗಳ ಫೀಸಿನ ಪಟ್ಟಿ ನನ್ನ ಹತ್ತಿರ ಇರುತ್ತದೆ.

ಸ್ವಂತ ಮಕ್ಕಳಿಗೆ ಕಲಿಸುವ ಸಾಹಸಕ್ಕೆ ಇವರಲ್ಲಿ ಯಾರೂ ಕೈ ಹಾಕಿಲ್ಲ. 1958ರಲ್ಲಿ ಮಾಸ್ಕೋಗೆ ಹೋಗಿ ಚೈಕೋವ್‌ಸ್ಕಿ ಸ್ಪರ್ಧೆಯನ್ನೇ ಗೆದ್ದು ಬಂದ ಅಮೆರಿಕದ ವ್ಯಾನ್ ಕ್ಲೈಬರ್ನ್ ಹದಿನೇಳು ವರ್ಷದವರೆಗೂ ಕಲಿತದ್ದು ತಾಯಿಯ ಹತ್ತಿರವೇ. ಆ ತಾಯಿ ದೊಡ್ಡವರು. ನಮ್ಮ ಮಗಳು ಕಲಿತದ್ದು ಮಲ್ಲೇಶ್ವರದಲ್ಲಿ. ಮಲ್ಲೇಶ್ವರದವರ ಮಗ ಕಲಿತದ್ದು ನಮ್ಮಲ್ಲಿ. ಇಬ್ಬರೂ ಸಾಫ್ಟ್‌ವೇರಿನಲ್ಲಿದ್ದಾರೆ.

ಮೈಸೂರಿನ ನಮ್ಮ ತಂದೆ ಬದುಕಿದ್ದಾಗ, ನಮ್ಮವರಿಗೆ ಈ ಪಿಯಾನೋ ಯಾಕೆ ಎಂದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದರು: ‘ಮಹಾರಾಜರನ್ನು ಕೇಳಿ’. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ಬಲ್ಲವರು, ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್. ಅತ್ತ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸುತ್ತಲೇ ಇತ್ತ ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರ್‌ನ ಸಂಗೀತ ರೆಕಾರ್ಡ್ ಆಗಲೆಂದು ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮೈಸೂರಿನ ದೊರೆಗೆ ಅರ್ಪಿಸಿದ. ಇಷ್ಟು ಹೇಳಿ ತಂದೆಯವರು ಎಲೆಯಡಿಕೆ ಹಾಕಿಕೊಂಡರೆ ಎದುರಿನವರು ಮಾತು ಬದಲಿಸಲೇಬೇಕು. ತಂದೆಯವರಿಗೆ ಮಾತ್ರ ಮೆಟ್ನರ್‌ನ ಒಂದು ಸ್ವರವೂ ಹಿಡಿಸಲಿಲ್ಲ.

2020ರಲ್ಲಿ ವೀಡಿಯೋ ಪರೀಕ್ಷೆ ಬಂತು. ನಾಲ್ಕು ರಚನೆಗಳನ್ನು ಒಂದೇ ಬೀಸಿಗೆ ನುಡಿಸಿ, ಕತ್ತರಿ ಹಾಕದೆ ಕಳಿಸಬೇಕು. ಬೆಂಗಳೂರಿನ ಬೀದಿಯಲ್ಲಿ ಅಷ್ಟು ಹೊತ್ತು ನಿಶ್ಶಬ್ದವನ್ನು ಎಲ್ಲಿಂದ ತರುವುದು? ಮೂರನೆಯ ರಚನೆಯ ಕೊನೆಗೆ ತಳ್ಳುಗಾಡಿಯ ಮೈಕು ‘ಟೊಮ್ಯಾಟೋ ಈರುಳ್ಳಿ’ ಎನ್ನುತ್ತದೆ, ಇಲ್ಲವೇ ಮೇಲಿನ ಮನೆಯ ಕುಕ್ಕರು ಕೂಗುತ್ತದೆ. ಪಕ್ಕದ ಮನೆಗಳಿಗೆ ಹೋಗಿ ಮಿಕ್ಸಿ ನಿಲ್ಲಿಸಿ ಎಂದು ಕೈಮುಗಿಯುವ ಖಾತೆ ನನ್ನದಾಯಿತು. ಕಡೆಗೆ ಕಾಕ್ಸ್ ಟೌನಿನವರೇ ತಮ್ಮ ದಪ್ಪ ಗೋಡೆಯ ಹಳೆಯ ಮನೆಯನ್ನು ಬಿಟ್ಟುಕೊಟ್ಟರು. ಯಾರ ಶಿಷ್ಯರೆಂದು ಕೇಳಲಿಲ್ಲ. ಬರಬೇಕು, ಕೈ ತೊಳೆಯಬೇಕು, ನುಡಿಸಬೇಕು, ಕೇಕ್ ತಿಂದು ಹೋಗಬೇಕು. ಅವರ ಪಿಯಾನೋದ ಶ್ರುತಿಯ ಖರ್ಚನ್ನು ಆ ವರ್ಷ ಮೂವರೂ ಹಂಚಿಕೊಂಡರು. ಸುಮಾರು 230 ತಂತಿಗಳನ್ನು ಒಂದೊಂದಾಗಿ ಬಿಗಿಯುವ ಕೆಲಸ. ಟ್ಯೂನರ್ ಬೆಳಿಗ್ಗೆ ಬಂದವನು ಊಟ ಮಾಡಿಯೇ ಹೋದ.

ಫಲಿತಾಂಶ ಬಂದ ದಿನ ಮೂವರೂ ಪರೀಕ್ಷಕರ ಟಿಪ್ಪಣಿಗಳನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಓದಿಹೇಳುತ್ತಾರೆ. ಆ ಟಿಪ್ಪಣಿಗಳು ಹೊಗಳಿಕೆಯಿಂದ ಹೊರಟು ಮಧ್ಯದಲ್ಲೊಂದು ‘ಆದರೆ’ ದಾಟಿ ಅಂಕ ಕತ್ತರಿಸುವ ಜಾಗಕ್ಕೆ ಬರುತ್ತವೆ. ಬೇರೆಯವರ ಶಿಷ್ಯರಿಗೆ ಕಡಿಮೆ ಬಂದಿದ್ದರೆ ಪರೀಕ್ಷಕರನ್ನು ಮೂವರೂ ಸೇರಿ ಬೈಯುತ್ತಾರೆ. ಹೆಚ್ಚು ಬಂದಿದ್ದರೆ ಬೈಯಲು ಕೊಂಚ ಹೊತ್ತು ಬೇಕಾಗುತ್ತದೆ. ಅಷ್ಟು ಹೊಟ್ಟೆಕಿಚ್ಚು ಇರಲಿ ಬಿಡಿ, ಅವರೂ ಮನುಷ್ಯರೇ. ಒಬ್ಬರ ಶಿಷ್ಯ ಇನ್ನೊಬ್ಬರ ಮನೆಯ ಬೆಲ್ ಒತ್ತಿದರೆ ಮಾತ್ರ, ಸೇರಿಸಿಕೊಳ್ಳುವ ಮೊದಲು ಹಳೆಯ ಟೀಚರಿಗೆ ಫೋನು ಹೋಗಲೇಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿದಿಲ್ಲ.

ಮಗುವಿಗೆ ಪಿಯಾನೋ ಕಲಿಸಬೇಕೆಂದಿರುವವರು ನನ್ನನ್ನು ಕೇಳುವುದುಂಟು, ಒಳ್ಳೆಯ ಟೀಚರನ್ನು ಹುಡುಕುವುದು ಹೇಗೆ ಎಂದು. ಕಳೆದ ಸಲ ಎಷ್ಟು ಡಿಸ್ಟಿಂಕ್ಷನ್ ಬಂತೆಂದು ವಿಚಾರಿಸಬೇಡಿ, ಎಲ್ಲರೂ ಹೇಳುತ್ತಾರೆ. ನಿಮ್ಮ ಮಕ್ಕಳನ್ನು ಸುಳ್ಳು ಪರೀಕ್ಷೆಗೆ ಯಾರ ಹತ್ತಿರ ಕಳಿಸುತ್ತೀರಿ ಎಂದು ಕೇಳಿ. ಯಾರೂ ಇಲ್ಲವೆಂದರೆ ಕೊಟ್ಟ ಕಾಫಿ ಕುಡಿದು, ನಮಸ್ಕಾರ ಹೇಳಿ ಎದ್ದು ಬನ್ನಿ.